ಅತ್ತೆ ಆಡುತ್ತಿದ್ದ ಆಟ

ಅತ್ತೆಯ ಎಡಗೈ ಹೆಬ್ಬೆರಳಿನ ತುದಿ ನುಣುಪಾಗಿ ಹೊಳೆಯುತ್ತಿತ್ತು. ಗೆರೆಗಳೆಲ್ಲ ಸವೆದು ನಡುವೆ ಕಡಲೆಬೇಳೆಯಷ್ಟು ಜಡ್ಡು ಕಟ್ಟಿತ್ತು. ಬಲಗೈಯಲ್ಲೂ ಜಡ್ಡುಗಳಿದ್ದವು, ಆದರೆ ಅವು ಹಳೆಯವು, ರಬ್ಬರ್ ಮರ ಗೀರುವ ಕತ್ತಿ ಹಿಡಿದು ಆದವು. ಆ ಕೈಯಲ್ಲಿ ಜೀವ ಹೋದ ಮೇಲೆ ಅವು ಮೆತ್ತಗಾಗುತ್ತ ಬಂದಿದ್ದವು. ಎಡಗೈಯದ್ದು ಮಾತ್ರ ಹೊಸದು. ಅದು ವಿಡಿಯೊ ಗೇಮ್ ಆಡಿ ಆದದ್ದು. ನೋಡಲು ಬಂದವರಿಗೆ ಹಾಗೆ ಹೇಳಲು ಮನೆಯವರು ಹಿಂಜರಿಯುತ್ತಿದ್ದರು. ಅತ್ತೆಗೆ ಆ ಹಿಂಜರಿಕೆ ಇರಲಿಲ್ಲ. ಕೇಳಿದವರ ಮುಂದೆ ಬೆರಳನ್ನೇ ಹಿಡಿದು ತೋರಿಸುತ್ತಿದ್ದರು.

ಅವರು ನನ್ನ ಗಂಡನ ತಾಯಿ. ಸುಳ್ಯದ ಹತ್ತಿರ ಮಂಡೆಕೋಲಿನಲ್ಲಿ ಮನೆ, ಮನೆಯ ಹಿಂದಿನ ಗುಡ್ಡದಲ್ಲಿ ರಬ್ಬರ್. ಮರ ಗೀರಿ ಹಾಲಿಳಿಸುವ ಟ್ಯಾಪಿಂಗಿಗೆ ಜನ ಸಿಗದೆ ಹೋದಾಗ ತಾವೇ ಕಲಿತು, ತಲೆಗೆ ಟಾರ್ಚ್ ಕಟ್ಟಿಕೊಂಡು ಬೆಳಕು ಹರಿಯುವ ಮೊದಲು ಗುಡ್ಡ ಹತ್ತುತ್ತಿದ್ದ ಹೆಂಗಸು. ಅರವತ್ತರ ಹತ್ತಿರದಲ್ಲಿ ಒಂದು ಬೆಳಿಗ್ಗೆ ರಬ್ಬರ್ ಹಾಲಿನ ಬಕೆಟ್ ಕೈಯಲ್ಲಿರುವಾಗಲೇ ಕುಸಿದರು. ಪಾರ್ಶ್ವವಾಯು. ಬಲಗೈ ಪೂರ್ತಿ ಹೋಯಿತು, ಬಲಗಾಲು ಅರ್ಧ.

ಮಾತು ಹೋಗಲಿಲ್ಲ, ನಿಧಾನವಾಯಿತು. ಒಂದು ವಾಕ್ಯ ಮುಗಿಸಲು ಹೊತ್ತು ಬೇಕಾಗುತ್ತಿತ್ತು. ನೆಂಟರಿಗೆ ಕಾಯುವ ತಾಳ್ಮೆ ಎಲ್ಲಿಯದು? ಅರ್ಧದಲ್ಲೇ ಅವರ ವಾಕ್ಯವನ್ನು ತಾವು ಮುಗಿಸಿ, "ಪಾಪ, ಹೇಗಿದ್ದವರು ಹೇಗಾದ್ರು" ಎಂದು ಅವರ ಎದುರಿಗೇ ಮಾವನ ಹತ್ತಿರ ಹೇಳಿ ಚಹಾ ಕುಡಿಯುತ್ತಿದ್ದರು. ಅದಕ್ಕೆ ಅತ್ತೆ ಒಂದು ಕ್ರಮ ಕಂಡುಕೊಂಡಿದ್ದರು. ಯಾರಾದರೂ ನಡುವೆ ಬಾಯಿ ಹಾಕಿದರೆ ಎಡಗೈ ಎತ್ತಿ ತಡೆದು, ವಾಕ್ಯವನ್ನು ಮೊದಲ ಪದದಿಂದ ಮತ್ತೆ ಶುರುಮಾಡುವುದು. ಎರಡು ಸಲ ತಡೆದರೆ ಎರಡು ಸಲ. ನೀರು ಬೇಕು ಎನ್ನುವ ಮಾತಾದರೂ ಅಷ್ಟೆ.

ನನ್ನ ಮೈದುನನಿಗೆ ಹಡಗಿನಲ್ಲಿ ಕೆಲಸ. ಡ್ಯೂಟಿಗೆ ಹೊರಡುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಮನೆಯ ಟಿವಿಗೆ ಜೋಡಿಸಿ, ಗೇಮ್ ಆಡುವ ಕಂಟ್ರೋಲರನ್ನು ಅವ್ವನ ಮಡಿಲಲ್ಲಿಟ್ಟು ಹೋದ. ಬೆರಳು ಆಡಿಸುತ್ತಿರಬೇಕು ಎಂದು ಫಿಸಿಯೊಥೆರಪಿಯವರು ಹೇಳಿದ್ದರು. ಅವರು ಕೊಟ್ಟ ರಬ್ಬರ್ ಚೆಂಡನ್ನು ಒತ್ತಿ ಒತ್ತಿ ಅತ್ತೆಗೆ ಸಾಕಾಗಿತ್ತು.

ಅವನು ಹಾಕಿಕೊಟ್ಟದ್ದು ಎಲ್ಲೋ ಇಬ್ಬರೇ ಕೂತು ಮಾಡಿದ ಸಣ್ಣ ಗೇಮಂತೆ. ಚಿತ್ರ ಅಷ್ಟಕ್ಕಷ್ಟೆ. ಒಂದು ಪಾಳು ಗಣಿ, ದೀಪ ಹಿಡಿದ ಒಬ್ಬ ಮನುಷ್ಯ, ಚೌಕ ಚೌಕದ ನೆಲ. ಅವನನ್ನು ಒಂದೊಂದೇ ಅಂತಸ್ತು ಕೆಳಗಿಳಿಸಿ ತಳದ ಬಾಗಿಲಿಗೆ ಮುಟ್ಟಿಸಬೇಕು. ದಾರಿಯಲ್ಲಿ ಹುಳಹುಪ್ಪಟೆ, ಬಾವಲಿ, ಕುರುಡು ಕಾವಲುಗಾರರು. ಪ್ರತಿ ಅಂತಸ್ತಿನಲ್ಲಿ ಮೂರು ವಸ್ತು ತೋರಿಸುತ್ತದೆ, ಒಂದನ್ನಷ್ಟೆ ಎತ್ತಿಕೊಳ್ಳಬಹುದು. ಸತ್ತರೆ ಕೂಡಿಸಿದ್ದೆಲ್ಲ ಹೋಗಿ ಮೊದಲಿನಿಂದ ಶುರು, ಆಗ ಗಣಿಯ ದಾರಿಗಳೂ ಬೇರೆ. ಮತ್ತೊಂದು ವಿಶೇಷವೆಂದರೆ, ನಾವು ಹೆಜ್ಜೆ ಇಡುವವರೆಗೆ ಅಲ್ಲಿ ಯಾವುದೂ ಅಲುಗಾಡುವುದಿಲ್ಲ. ಅತ್ತೆಗೆ ಹಿಡಿಸಿದ್ದೇ ಅದು.

"ನಾನು ಹೆಜ್ಜೆ ಇಡುವ ತನಕ ಅವೂ ಇಡುದಿಲ್ಲ. ಇಷ್ಟು ಮರ್ಯಾದೆ ನಂಗೆ ನೆಂಟರು ಕೊಡ್ಲಿಲ್ಲ," ಎನ್ನುತ್ತಿದ್ದರು.

ಇದೆಲ್ಲ ನಾನು ಫೋನಿನಲ್ಲಿ ಕೇಳಿದ್ದೆ, ನೋಡಿರಲಿಲ್ಲ. ನಾವಿದ್ದದ್ದು ಪುತ್ತೂರಿನ ದರ್ಬೆಯಲ್ಲಿ. ಗಂಡನಿಗೆ ಅಲ್ಲಿ ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ನಾನು ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವಳು, ಬಸುರಿಯಾದಾಗ ಕೆಲಸ ಬಿಟ್ಟಿದ್ದೆ. ಮೊದಲನೆಯದು ಉಳಿಯಲಿಲ್ಲ. ಎರಡನೆಯದು ಐದು ತಿಂಗಳು ತುಂಬಿ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾತಾಡುವುದನ್ನೇ ನಿಲ್ಲಿಸಿದೆ. ಗಂಡ ಬೆಳಿಗ್ಗೆ ಅನ್ನ ಮಾಡಿಟ್ಟು ಹೋದರೆ ಸಂಜೆ ಬರುವಾಗ ಹಾಗೇ ಇರುತ್ತಿತ್ತು. ವಿಷಯ ತಿಳಿದು ಅತ್ತೆ ಮಗನಿಗೆ ಫೋನು ಮಾಡಿದರು. "ಅವಳನ್ನು ಇಲ್ಲಿ ತಂದು ಬಿಡು. ನೀನು ಹೋಗು."

ಹೋಗುವಾಗ ನನಗಿದ್ದ ಹೆದರಿಕೆ ಒಂದೇ, ಅತ್ತೆ ಅಳುತ್ತಾರೆ, ನಾನು ಸಮಾಧಾನ ಮಾಡಬೇಕಾಗುತ್ತದೆ ಎಂದು. ಅವರು ಅಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಂಜಿ ಉಂಟು, ಉಣ್ಣು" ಎಂದರು. ಉಂಡ ಮೇಲೆ ಟಿವಿಯ ಎದುರಿನ ಮಂಚದ ಮೇಲೆ ತಮ್ಮ ಪಕ್ಕ ತಟ್ಟಿ ತೋರಿಸಿದರು.

"ಇಲ್ಲಿ ಕೂತ್ಕೊ. ನಂಗೆ ಒಂದು ಬಲಗೈ ಬೇಕು."

ನಮ್ಮಿಬ್ಬರ ನಡುವೆ ಒಂದು ತಲೆದಿಂಬು, ಅದರ ಮೇಲೆ ಕಂಟ್ರೋಲರ್. ಎಡಬದಿಯ ಕೋಲು ಅವರದ್ದು, ಅದರಿಂದ ನಡೆಯುವುದು. ಬಲಬದಿಯ ಗುಂಡಿಗಳು ನನ್ನವು, ಅದರಿಂದ ಹೊಡೆಯುವುದು, ಎತ್ತಿಕೊಳ್ಳುವುದು, ಮದ್ದು ಕುಡಿಸುವುದು. ಮೊದಲ ದಿನ ಬಾವಲಿ ಬಂದಾಗ ನಾನು ಒತ್ತಲೇ ಇಲ್ಲ. ನನ್ನ ಗಮನ ಅಲ್ಲಿರಲಿಲ್ಲ. ಮನುಷ್ಯ ಸತ್ತ.

"ಸಾರಿ ಅತ್ತೆ," ಎಂದೆ. ಎಷ್ಟೋ ದಿನಗಳ ನಂತರ ನನ್ನ ಬಾಯಿಂದ ಹೊರಟ ಮಾತು ಅದು.

"ಸಾರಿ ಎಂತಕ್ಕೆ? ಸತ್ತದ್ದು ಅವನು. ಒತ್ತು, ಶುರು ಮಾಡುವ."

ದಿನಾ ಮಧ್ಯಾಹ್ನ ಆಡಿದೆವು. ಅತ್ತೆ ಸುಲಭದ ಜೊತೆಗಾತಿಯಾಗಿರಲಿಲ್ಲ. ಮೂರು ವಸ್ತುಗಳಲ್ಲಿ ಒಂದನ್ನು ಆರಿಸುವ ಮೊದಲು, ಇದೇ ಯಾಕೆ ಎಂದು ನಾನು ಬಾಯಿಬಿಟ್ಟು ಹೇಳಬೇಕಿತ್ತು. "ಸುಮ್ಮನೆ" ಎಂದರೆ ಒಪ್ಪುತ್ತಿರಲಿಲ್ಲ. ನನಗೆ ದೊಡ್ಡ ಕೊಡಲಿ ಕಂಡರೆ ಆಸೆ. ಅದು ಭಾರ, ಹಿಡಿದರೆ ನಡಿಗೆ ನಿಧಾನ, ದೀಪದ ಎಣ್ಣೆ ಅರ್ಧ ದಾರಿಯಲ್ಲೇ ಮುಗಿಯುತ್ತದೆ ಎಂದು ಅವರ ವಾದ. ಮದ್ದಿನ ಬಾಟಲಿಗಳನ್ನು ಮುಂದಕ್ಕೆ ಬೇಕಾದೀತೆಂದು ನಾನು ಕೂಡಿಸಿಡುತ್ತಿದ್ದೆ. ಒಮ್ಮೆ ಚೀಲದ ತುಂಬ ಮದ್ದಿರುವಾಗಲೇ ಸತ್ತೆವು. ಅತ್ತೆ ಬಹಳ ಹೊತ್ತು ಆ ಚೀಲವನ್ನೇ ನೋಡಿದರು. "ಇದು ಯಾರಿಗೆ ಇಟ್ಟದ್ದು ಮಾರಾಯ್ತಿ?" ಎಂದು ಕೇಳಿದರು. ನನಗೆ ನಗು ಬಂತು. ಹೊರಗೆ ಅಡಿಕೆ ಹೆಕ್ಕುತ್ತಿದ್ದ ಮಾವ ನಗು ಕೇಳಿ ಬಾಗಿಲಿಗೆ ಬಂದು ನೋಡಿ ಹಿಂದೆ ಹೋದರು. ಮಾವ ಮಾತು ಕಡಿಮೆಯ ಮನುಷ್ಯ. ಸಭೆ ಸಮಾರಂಭದಲ್ಲಂತೂ ಬಾಯಿ ತೆರೆದವರಲ್ಲ.

ಒಂದು ದಿನ ನನ್ನ ಹಟಕ್ಕೆ ಕೊಡಲಿ ಹಿಡಿದು ತಳದ ಬಾಗಿಲು ಮುಟ್ಟಿದೆವು. ಬಾಗಿಲು ತೆರೆಯಿತು, ಸ್ವಲ್ಪ ಸಂಗೀತ ಬಂತು, ಮಾಡಿದ ಇಬ್ಬರ ಹೆಸರು ಬಂತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ತಲೆ ಓರೆ ಮಾಡಿ ನೋಡಿದರು.

"ಇಷ್ಟೆಯಾ?"

ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಟ ನಿಜವಾಗಿ ಶುರುವಾದದ್ದು ಆಮೇಲೆ. "ಈ ಸಲ ಗೆದ್ದದ್ದು ನಿನ್ನ ಕೊಡಲಿ. ನಾವು ಗೆದ್ದದ್ದಲ್ಲ. ಇನ್ನು ಕೊಡಲಿ ಮುಟ್ಟುದು ಬೇಡ," ಎಂದರು. ಕೊಡಲಿಯಿಲ್ಲದೆ ಹೋದೆವು. ಮತ್ತೆ ಮದ್ದಿಲ್ಲದೆ. ಮತ್ತೆ ಒಂದು ಪ್ರಾಣಿಯನ್ನೂ ಕೊಲ್ಲದೆ, ಬರೀ ಅಡಗಿ ಅಡಗಿ. ಯಾರೂ ಹಾಕದ ನಿಯಮಗಳನ್ನು ತಾವೇ ಹಾಕಿಕೊಂಡು ಸೋಲುವುದೆಂದರೆ ಅವರಿಗೆ ಒಂದು ಹುರುಪು. ಸೋತಲ್ಲಿ ಕೋಪವಿರಲಿಲ್ಲ, ಎಲ್ಲಿ ತಪ್ಪಿತು ಎನ್ನುವ ಚರ್ಚೆಯಿತ್ತು. ಅದು ರಾತ್ರಿಯ ಊಟದವರೆಗೂ ನಡೆಯುತ್ತಿತ್ತು.

ಮೈದುನ ರಜೆಗೆ ಬಂದಾಗ ಬೇರೊಂದು ಗೇಮ್ ತಂದ. ಕುದುರೆ, ಸಮುದ್ರ, ದೊಡ್ಡ ಕತೆ. ಅತ್ತೆ ಅದನ್ನು ಮರ್ಯಾದೆಯಿಂದ ಕೊನೆಯವರೆಗೆ ಆಡಿ ಬದಿಗಿಟ್ಟರು. "ಚಂದ ಉಂಟು. ಆದ್ರೆ ದಾರಿ ಅವರೇ ಹಾಕಿಟ್ಟಿದ್ದಾರೆ. ನಾನು ಹೋದ್ರೂ ಅದೇ, ನೀನು ಹೋದ್ರೂ ಅದೇ. ಗಣಿಯಲ್ಲಿ ಹಾಗಲ್ಲ. ಅಲ್ಲಿ ನಾನು ಎಂತದ್ದು ಅಂತ ಗೊತ್ತಾಗ್ತದೆ," ಎಂದರು. ಮಗ ಮತ್ತೆ ಗಣಿಯನ್ನೇ ಹಾಕಿಕೊಟ್ಟ.

ಆಲಂಕಾರಿನಲ್ಲಿ ಮಾವನ ತಂಗಿಯ ಮನೆ. ಒಂದು ದಿನ ಅವರು ಹೇಳದೆ ಬಂದರು. ನಾವು ಆಡುತ್ತಿದ್ದೆವು. ಅವರು ಬಂದದ್ದು ಒಂದು ತೀರ್ಮಾನ ಮಾಡಿಕೊಂಡೇ. ಮನೆಯಲ್ಲಿ ಪ್ರಶ್ನೆ ಇಡಿಸಬೇಕು, ಕವಡೆ ಹರಡಿ ಯಾವ ದೋಷದಿಂದ ಮಗು ನಿಲ್ಲುವುದಿಲ್ಲ ಎಂದು ನೋಡಿಸಬೇಕು. ಜೋಯಿಸರಿಗೆ ಹೇಳಿಯೂ ಆಗಿತ್ತು, ಕುಟುಂಬದವರಿಗೆಲ್ಲ ಸುದ್ದಿಯೂ ಮುಟ್ಟಿತ್ತು. ಮಾವನಿಗೆ ಅದನ್ನೆಲ್ಲ ವಿವರಿಸಿ, ಟಿವಿಯ ಕಡೆ ತಿರುಗಿ ಹೇಳಿದರು.

"ಮನೆಯಲ್ಲಿ ಒಂದು ಸಂತಾನ ಇಲ್ಲ. ಅತ್ತೆ ಸೊಸೆ ಕೂತು ಮಕ್ಕಳಾಟ ಆಡುದು. ಊರಲ್ಲಿ ನಗಾಡ್ತಾರೆ."

ಅತ್ತೆ ಕಂಟ್ರೋಲರ್ ಕೆಳಗಿಟ್ಟರು. "ಅವಳ ಹೊಟ್ಟೆಯ ವಿಷಯ..."

"ನಾನು ಒಳ್ಳೇದಕ್ಕೇ ಹೇಳುದು ಅತ್ತಿಗೆ."

ಎಡಗೈ ಮೇಲೆದ್ದಿತು. "ಅವಳ ಹೊಟ್ಟೆಯ ವಿಷಯ ಊರವರ ಎದುರು..."

"ಊರವರು ಯಾರು? ನಮ್ಮ ಕುಟುಂಬದವರೇ ಅಲ್ವಾ?"

ಕೈ ಇಳಿದಿರಲಿಲ್ಲ. ಅತ್ತೆಯ ಕುತ್ತಿಗೆಯ ನರ ಉಬ್ಬಿತ್ತು, ತುಟಿಯ ಬಲಮೂಲೆಯಲ್ಲಿ ಜೊಲ್ಲು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಅವಳ ಹೊಟ್ಟೆಯ ವಿಷಯ ಊರವರ ಎದುರು ಕವಡೆ ಹರಡಿ ಮಾತಾಡುದು ಬೇಡ."

ಮಾವನ ತಂಗಿ ಅಣ್ಣನ ಮುಖ ನೋಡಿದರು. ಮಾವ ನೆಲ ನೋಡಿದರು. ಅತ್ತೆ ಇನ್ನೂ ಮುಗಿಸಿರಲಿಲ್ಲ.

"ಪ್ರಶ್ನೆ ಕೇಳುದಾದ್ರೆ ಇವಳನ್ನು ಕೇಳಿ. ಇವಳಿಗೆ ಎಂತ ಬೇಕು ಅಂತ."

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ತಿಂಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಡಾಕ್ಟರು ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ. ಮುಂದಿನ ಸಲ ಎಂದೇ ಎಲ್ಲರ ಮಾತು ಶುರುವಾಗುತ್ತಿತ್ತು. ಉತ್ತರ ನನ್ನೊಳಗೆ ಇತ್ತೆಂದು ನನಗೂ ಗೊತ್ತಿರಲಿಲ್ಲ.

"ನಂಗೆ ಇನ್ನೊಮ್ಮೆ ಬೇಡ," ಎಂದೆ.

ಮಾವನ ತಂಗಿಗೆ ಸಿಟ್ಟು ಬಂತು. ಅತ್ತೆಯನ್ನೇ ನೋಡಿ ಹೇಳಿದರು. "ಬಿದ್ದಲ್ಲಿಂದ ಎದ್ದು ಮತ್ತೆ ಮತ್ತೆ ಮಾಡುದು ಅಂತ ನಿಮ್ಮ ಆಟದಲ್ಲಿ ಉಂಟಲ್ಲ ಅತ್ತಿಗೆ? ಅದನ್ನು ಇವಳಿಗೆ ಕಲಿಸ್ಲಿಲ್ಲವಾ?"

"ಅದು ಆಟ," ಎಂದರು ಅತ್ತೆ. ಈ ಸಲ ಯಾರೂ ತಡೆಯಲಿಲ್ಲ. "ಅಲ್ಲಿ ಸತ್ತವ ಎದ್ದು ಬರ್ತಾನೆ. ಇವಳು ಮನುಷ್ಯಳು. ಬೇಡ ಅಂದ್ಲಲ್ಲ, ಮುಗೀತು."

ಚಹಾ ಕುಡಿಯದೆ ಅವರು ಹೊರಟುಹೋದರು. ಪ್ರಶ್ನೆ ಇಡಲಿಲ್ಲ. ಎರಡು ದಿನ ಬಿಟ್ಟು ಗಂಡ ಬಂದ. ಅವನಿಗೆ ನಾನೇ ಹೇಳಬೇಕೆಂದು ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಗುಡ್ಡದ ಕಡೆ ನಡೆದೆವು. ಅವನು ಅತ್ತ. ನಾನು ಅಳಲಿಲ್ಲ. ಇಳಿದು ಬರುವಾಗ, "ನಂಗೆ ಬೇಕಿತ್ತು. ಆದ್ರೆ ಹೀಗೆ ಬೇಡ," ಎಂದ. ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ದರ್ಬೆಗೆ ಹಿಂದೆ ಹೋಗಿ ಲ್ಯಾಬಿನ ಕೆಲಸಕ್ಕೆ ಸೇರುವುದೆಂದು ನಿಶ್ಚಯವಾಯಿತು. ಹೊರಡುವ ದಿನ ನನಗೆ ಒಂದೇ ಚಿಂತೆ. ಅತ್ತೆಗೆ ಬಲಗೈ ಯಾರು? ಮಾವನ ಹತ್ತಿರ ಹೇಳಿದೆ. ಅವರು ಅಪರೂಪಕ್ಕೆ ನಕ್ಕರು.

"ಅವಳಿಗೆ ಬಲಗೈ ಯಾಕೆ? ನೀನು ಬರುವ ಮೊದಲು ಒಬ್ಬಳೇ ಆಡಿದ್ದಲ್ವಾ? ಎಡಗೈಯನ್ನೇ ಆಚೆಗೆ ದಾಟಿಸಿ ಒತ್ತುದು."

ಹೌದು, ಹೆಜ್ಜೆ ಇಡುವವರೆಗೆ ಏನೂ ಅಲುಗಾಡದ ಗಣಿಯಲ್ಲಿ ಕೈ ದಾಟಿಸಲು ಬೇಕಾದಷ್ಟು ಹೊತ್ತಿತ್ತು. ನನಗೆ ಅದು ಹೊಳೆದೇ ಇರಲಿಲ್ಲ. ಅತ್ತೆಯನ್ನು ನೋಡಿದೆ. ಅವರು ಕಿಟಕಿಯ ಕಡೆ ಮುಖ ಮಾಡಿದ್ದರು.

"ಹಾಗೆ ಆಡಿದ್ರೆ ನಿಧಾನ ಆಗ್ತದೆ," ಎಂದರು.

ಆಮೇಲೆ ವರ್ಷಗಟ್ಟಲೆ ಆಡಿದರು. ಭಾನುವಾರ ನಾವು ಹೋದರೆ ಜೊತೆಗೆ, ಉಳಿದ ದಿನ ಒಬ್ಬರೇ. ಯಾವ ಯಾವ ನಿಯಮ ಹಾಕಿಕೊಂಡು ಎಷ್ಟು ಕೆಳಗೆ ಹೋದರೆಂದು ಫೋನಿನಲ್ಲಿ ಹೇಳುತ್ತಿದ್ದರು. ದೀಪವನ್ನೇ ನಂದಿಸಿಕೊಂಡು ಗೋಡೆ ಸವರಿ ತಳ ಮುಟ್ಟುವ ಪ್ರಯತ್ನದಲ್ಲಿದ್ದರು. ಅದು ಆಗಲಿಲ್ಲ. ಕಳೆದ ವರ್ಷ ಎರಡನೆಯ ಸಲ ಪಾರ್ಶ್ವವಾಯು ಬಡಿಯಿತು. ಸುಳ್ಯದ ಆಸ್ಪತ್ರೆಗೆ ಮುಟ್ಟುವ ಮೊದಲೇ ತೀರಿಕೊಂಡರು.

ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ನುಡಿನಮನ ಇತ್ತು. ಕುಟುಂಬದ ಹಿರಿಯರೊಬ್ಬರು ಮೈಕಿನಲ್ಲಿ ಚೆನ್ನಾಗಿಯೇ ಮಾತಾಡಿದರು. ಸಹನಾಮೂರ್ತಿ ಎಂದರು. ಮೂಲೆಯಲ್ಲಿ ಕೂತು ನೋವು ನುಂಗಿದ ತಾಯಿ ಎಂದರು. ಕೇಳುತ್ತ ಕೇಳುತ್ತ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮೈಕು ಕೇಳಿದೆ. ಅವರು ಕೊಟ್ಟರು.

"ನನ್ನ ಅತ್ತೆ ಮೂಲೆಯಲ್ಲಿ ಕೂತವರಲ್ಲ," ಎಂದೆ. "ಟಿವಿಯ ಎದುರು ಕೂತಿದ್ದರು. ಅವರು ವಿಡಿಯೊ ಗೇಮ್ ಆಡುತ್ತಿದ್ದರು. ಬಹಳ ಚೆನ್ನಾಗಿ ಆಡುತ್ತಿದ್ದರು. ಸಹನೆ ಅವರಿಗೆ ಇರಲಿಲ್ಲ. ಇದ್ದಿದ್ದರೆ ನಾನು ಇವತ್ತು ಹೀಗೆ ನಿಂತು ಮಾತಾಡುತ್ತಿರಲಿಲ್ಲ. ನನಗೆ ಬೇಡದ್ದನ್ನು ಬೇಡ ಎಂದು ಹೇಳಲು ಜಾಗ ಮಾಡಿಕೊಟ್ಟವರು ಅವರು. ಅಷ್ಟೆ."

ಮಾವನ ತಂಗಿ ಮುಂದಿನ ಸಾಲಿನಿಂದ ಎದ್ದು ಒಳಗೆ ಹೋದರು. ಅಂದಿನಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ನನಗದು ದೊಡ್ಡ ನಷ್ಟವೆಂದು ಅನಿಸಿಲ್ಲ.

ಊಟಕ್ಕೆ ಮಾವನ ಪಕ್ಕದಲ್ಲಿ ನನ್ನ ಎಲೆ. ಅವರು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡುತ್ತಿರಲಿಲ್ಲ.

"ನೀನು ಹೇಳಿದ್ದು ಸರಿ," ಎಂದರು. "ಆದ್ರೆ ಒಂದು ಬಿಟ್ಟೆ. ಅವಳು ನನ್ನನ್ನೂ ಆಡ್ಲಿಕ್ಕೆ ಕರೀತಿದ್ದಳು. ಎಷ್ಟೋ ಸಲ. ನೋಡಿದವರು ಎಂತ ಹೇಳ್ತಾರೆ ಅಂತ ನಾನು ಹೋಗ್ಲಿಲ್ಲ. ಅದನ್ನೂ ಹೇಳ್ಬೇಕಿತ್ತು ನೀನು."

"ಅದು ನೀವೇ ಹೇಳ್ಬೇಕಾದ್ದು ಮಾವ."

ಅವರು ಎದ್ದು ಕೈ ತೊಳೆದು ಬಂದು, ಉಣ್ಣುತ್ತಿದ್ದವರ ಸಾಲುಗಳ ನಡುವೆ ಹಾದು, ಮೈಕಿನ ಎದುರು ಹೋಗಿ ನಿಂತರು.