ಲಿಂಬಿಕಾಯಿ ಬರಣಿಯ ಲಿಲಾವು

ಹಳೆಯ ಪಿಂಗಾಣಿ ಸಾಮಾನಿನ ಹುಚ್ಚು ನನಗೆ ಯಾವಾಗ ಹಿಡಿಯಿತೋ ನೆನಪಿಲ್ಲ, ಆದರೆ ನನ್ನ ತವರಿನವರು ಅದಕ್ಕಾಗಿ ನನಗಿಟ್ಟ ಹೆಸರು ಚೆನ್ನಾಗಿ ನೆನಪಿದೆ. ಬೋಕಿಬಾಯಿ. ಒಡೆದ ಗಡಿಗೆಯ ಚೂರಿಗೆ ನಮ್ಮ ಕಡೆ ಬೋಕಿ ಅನ್ನುತ್ತಾರೆ. ನಾನು ಜಮಖಂಡಿಯಿಂದ ಬಸ್ಸು ಹತ್ತಿ ಗಲಗಲಿಗೋ ಮುಧೋಳಕ್ಕೋ ಹೋಗಿ, ಕೆಡವುತ್ತಿರುವ ಯಾರದೋ ವಾಡೆಯ ಅಂಗಳದಲ್ಲಿ ಗಂಡಸರ ನಡುವೆ ನಿಂತು, ಒಂದು ಹೂಜಿಗೋ ಒಂದು ಜೊತೆ ಕಪ್ಪು-ಬಸಿಗೋ ಸವಾಲು ಕೂಗುವುದು ಅವರ ಕಣ್ಣಿನಲ್ಲಿ ಮನೆತನದ ಮರ್ಯಾದೆ ಕಳೆಯುವ ಕೆಲಸ. ಅಣ್ಣನಂತೂ ನನ್ನೆದುರೇ ಬೀಗರಿಗೆ ಹೇಳುತ್ತಿದ್ದ: "ನಮ್ಮ ತಂಗಿ ಭಾಂಡೆ ಯಾಪಾರದಾಕಿ ಆಗ್ಯಾಳ್ರಿ."

ನಾನೂ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. "ಈ ಮನ್ಯಾಗ ಖರೇ ಹಳೇ ಸಾಮಾನಂದ್ರ ನೀ ಒಬ್ಬಾಂವ. ಲಿಲಾವಿಗಿಟ್ರ ಕೂಗಾವ್ರ ಸಿಗಂಗಿಲ್ಲ" ಎಂದಿದ್ದೆ. ಬೀಗರು ನಕ್ಕರು. ಅಣ್ಣ ನಗಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿಯೂ ಹೀಗೇ, ಜಗಳವೂ ಹೀಗೇ. ಅಪರಿಚಿತರಿಗೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅವ್ವ ತೀರಿಕೊಂಡ ಕೆಲವೇ ವಾರಗಳಲ್ಲಿ ರಬಕವಿಯ ತವರುಮನೆಯಲ್ಲಿ ಅಣ್ಣ ತಮ್ಮಂದಿರಿಬ್ಬರ ಪಾಲು ಆಯಿತು. ಹೊಲ, ಮನೆ ಎಲ್ಲ ಕಾಗದದ ಮೇಲೆ ಮುಗಿದಿತ್ತು. ಉಳಿದದ್ದು ಮನೆಯೊಳಗಿನ ಸಾಮಾನು. ಒಂದು ಹಂಡೆಯನ್ನು ಕೊಯ್ದು ಇಬ್ಬರಿಗೆ ಕೊಡಲಾಗುವುದಿಲ್ಲವಲ್ಲ, ಅಂಥದನ್ನು ಮನೆಯವರ ನಡುವೆಯೇ ಲಿಲಾವಿಗೆ ಇಡುವುದು ನಮ್ಮಲ್ಲಿ ರೂಢಿ. ಹೆಚ್ಚು ಕೂಗಿದವರು ಹಣ ಇಟ್ಟು ವಸ್ತು ಎತ್ತಿಕೊಳ್ಳಬೇಕು. ಆ ಹಣವನ್ನು ಪಾಲುದಾರರು ಹಂಚಿಕೊಳ್ಳಬೇಕು. ನಾನು ಪಾಲು ಬೇಡವೆಂದು ಎಂದೋ ಸಹಿ ಹಾಕಿ ಕೊಟ್ಟವಳು. ಆದರೂ ಪಡಸಾಲೆಯಲ್ಲಿ ಜಾಗ ಕೊಟ್ಟರು. ಲಿಲಾವು ನಡೆಸಲು ಬಂದಿದ್ದ ಓಣಿಯ ಹಿರಿಯರು ಹೇಳಿದರು: "ನೀನೂ ಕೂಗವಾ, ಬ್ಯಾಡನ್ನಂಗಿಲ್ಲ. ಆದ್ರ ರೊಕ್ಕ ಇಲ್ಲೇ ಎಣಸಬೇಕು ನೋಡು."

ನನಗೆ ಬೇಕಾದದ್ದು ಅಡುಗೆಮನೆಯ ಮೂಲೆಯ ಚೀನಿಮಣ್ಣಿನ ಬರಣಿ. ಮೇಲೆ ಕಂದು, ಕೆಳಗೆ ಬಿಳಿ. ಅಂಥವು ನನ್ನ ಕಪಾಟಿನಲ್ಲಿ ಬೇಕಾದಷ್ಟಿದ್ದವು. ಬರಣಿಗಾಗಿ ನಾನು ಬಂದಿರಲಿಲ್ಲ. ಅದರೊಳಗೆ ಅವ್ವ ಹಾಕಿದ ಕೊನೆಯ ಲಿಂಬಿಕಾಯಿ ಉಪ್ಪಿನಕಾಯಿ ಇತ್ತು. ಅದನ್ನು ಹಾಕುವಾಗ ಅವಳಿಗೆ ಮಕ್ಕಳ ಹೆಸರು ಮರೆತುಹೋಗಿತ್ತು. ನನ್ನನ್ನು ಯಾರೋ ನೆರೆಮನೆಯವಳೆಂದು ತಿಳಿದು "ಕುಂದರವಾ, ಚಾ ಕುಡಿದು ಹೋಗು" ಎಂದಳು. ಆದರೆ ಉಪ್ಪು ಹಿಡಿದ ಕೈ ಮಾತ್ರ ಒಂದು ಹರಳೂ ಹೆಚ್ಚು ಕಡಿಮೆ ಮಾಡಲಿಲ್ಲ. ಚಿಕ್ಕಂದಿನಲ್ಲಿ ನಮಗೆ ಜ್ವರ ಬಂದು ಬಾಯಿ ಕೆಟ್ಟಾಗ ಗಂಜಿಯ ಜೊತೆ ಇಂಥದೇ ಹೋಳೊಂದನ್ನು ನಾಲಿಗೆಗೆ ಇಡುತ್ತಿದ್ದಳು. ಅದು ಬರಣಿಯಲ್ಲಿ ಇರುವತನಕ ಅವ್ವ ಪೂರ್ತಿ ಹೋದಂತಲ್ಲ ಎಂದು ನಾನು ನಂಬಿಕೊಂಡಿದ್ದೆ. ನೇರವಾಗಿ ಕೇಳಬಹುದಿತ್ತು. ಆದರೆ ಕೊಟ್ಟದ್ದನ್ನು ಜನ್ಮವಿಡೀ ಆಡಿ ತೋರಿಸುವ ಮನೆ ನಮ್ಮದು. ಅದಕ್ಕಿಂತ ಕೂಗಿ ಗೆಲ್ಲುವುದೇ ವಾಸಿ ಅನಿಸಿತು.

ಲಿಲಾವಿನಲ್ಲಿ ಬೇಕಾದ ವಸ್ತುವಿನ ಕಡೆ ನೋಡಬಾರದು. ಬೇಡದ ವಸ್ತುವಿನ ಮೇಲೆ ಜೀವ ಬಿಡಬೇಕು. ಟ್ರಂಕಿನಿಂದ ನೀಲಿ ಹೂವಿನ ತಾಟುಗಳು ಹೊರಬಂದಾಗ ನಾನು ಅದನ್ನೇ ಮಾಡಿದೆ. ಯಾವುದೋ ಮದುವೆಯಲ್ಲಿ ಅವ್ವನಿಗೆ ಉಡುಗೊರೆಯಾಗಿ ಬಂದ ಆಯೇರಿ ಅವು. ಮೈಕ್ರೋವೇವಿನಲ್ಲಿ ಇಡಬಹುದು ಎಂದು ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಅಕ್ಷರದ ಮೇಲೆ ಹೆಬ್ಬೆರಳಿಟ್ಟು ಒಂದನ್ನು ಎತ್ತಿದೆ. ಉಗುರಿನಿಂದ ಬಡಿದೆ, ಕಿವಿಗೆ ಹಿಡಿದೆ, ನಿಟ್ಟುಸಿರು ಬಿಟ್ಟೆ. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ಕೂಗಿದೆ. ಅವನು ಏರಿಸಿದ. ನಾನು ಮತ್ತೆ ಏರಿಸಿದೆ.

"ಅಕ್ಕಾ, ನಿನ್ನ ಮಾರಿ ನೋಡಿದ್ರ ತಿಳೀತೈತಿ. ನಾ ಬಿಡಂಗಿಲ್ಲ" ಎಂದ.

"ಬಿಡೋ ತಮ್ಮಾ, ನಿನಗ ಅದರಾಗ ಏನ್ ತಿಳೀತೈತಿ?" ಎಂದು ಗೋಗರೆದೆ. ಅಷ್ಟು ಸಾಕಾಯಿತು. ಹೊಸ ಫ್ರಿಜ್ಜು ತರಬಹುದಾದಷ್ಟು ಹಣಕ್ಕೆ ಆ ತಾಟುಗಳನ್ನು ಅವನ ಕೊರಳಿಗೆ ಕಟ್ಟಿದೆ. ಸೋತವಳಂತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊಟ್ಟೆ ತುಂಬ ನಕ್ಕೆ. ಸುಳ್ಳು ಯಾಕೆ ಹೇಳಲಿ, ಪರಮಾನಂದವಾಯಿತು.

ಆದರೆ ಆ ಆಟವನ್ನು ಅಣ್ಣನೂ ನೋಡಿದ್ದ. ತಮ್ಮನ ಕೈಗೆ ಗಂಟು ಬಿತ್ತು, ತಾನು ಬೆಪ್ಪನಂತೆ ಕುಳಿತೆ ಎಂದು ಒಳಗೊಳಗೇ ಕುದಿಯುತ್ತಿದ್ದ. ಹಂಡೆ ಬಂತು, ಕೊಪ್ಪರಿಗೆ ಬಂತು, ಅವನ ಕಣ್ಣು ನನ್ನನ್ನು ಬಿಡಲಿಲ್ಲ. ಕೊನೆಗೆ ಬರಣಿ ತಂದಿಟ್ಟರು. ನಾನು ಆ ಕಡೆ ತಿರುಗಲೂ ಇಲ್ಲ.

"ಅದ್ರಾಗ ಹಳೇ ಉಪ್ಪಿನಕಾಯಿ ಐತ್ರಿ ಕಾಕಾ. ಯಾರಿಗೆ ಬೇಕು? ನಾನ ಒಯ್ತೀನಿ" ಎಂದು ಒಂದು ಕ್ಷುಲ್ಲಕ ಮೊತ್ತ ಕೂಗಿದೆ.

ಅಣ್ಣ ಅದರ ಎರಡು ಪಟ್ಟು ಕೂಗಿದ. ನಾನು ಏರಿಸಿದೆ. ಅವನೂ ಏರಿಸಿದ. ಊರೂರು ತಿರುಗಿ ಕಲಿತ ವಿದ್ಯೆಯೆಲ್ಲ ಅಲ್ಲಿಯೇ ಕೈಕೊಟ್ಟಿತು. ಪರ್ಸು ಬರಿದಾದಾಗ ಕೈಬಳೆ ಕಳಚಿ ಇಟ್ಟೆ. "ಬಳಿ ನಡ್ಯಂಗಿಲ್ಲವಾ" ಎಂದರು ಹಿರಿಯರು. ಒಂದು ಸಲ, ಎರಡು ಸಲ, ಮೂರು ಸಲ. ಬರಣಿ ಅಣ್ಣನದಾಯಿತು.

ಆಗ ನಾನು ಮಾನ ಬಿಟ್ಟು ನಿಜ ಹೇಳಿದೆ. "ಅಣ್ಣಾ, ಬರಣಿ ನೀನ ಇಟ್ಕೋ. ಒಳಗಿನ ಉಪ್ಪಿನಕಾಯಿ ಅಷ್ಟ ಕೊಡು. ಅವ್ವನ ಕೈದು ಅದು."

ಅವನು ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದ. "ಉಪ್ಪಿನಕಾಯಿಗೆ ಯಾರರೆ ಬಳಿ ಬಿಚ್ಚತಾರ? ಅವ್ವನ ಬೋರಮಾಳ ಎಲ್ಲಿ ಹೋತು ಅಂತ ನಾವು ಮನಿ ತುಂಬ ಹುಡಕಾಕತ್ತೇವಿ. ಇಕಿಗೆ ಗೊತ್ತೈತಿ. ಇದರಾಗ ಐತಿ ಅದು."

ಅವ್ವನ ಚಿನ್ನದ ಸರ ಸಿಕ್ಕಿರಲಿಲ್ಲ ಎನ್ನುವುದು ನಿಜ. ಅದು ಎಲ್ಲಿ ಹೋಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಣೆ ಮಾಡಿ ಹೇಳಿದೆ. ನನ್ನ ಆಣೆಗೆ ಆ ಮನೆಯಲ್ಲಿ ಏನು ಬೆಲೆ? ಅಣ್ಣ ಬರಣಿಯನ್ನು ಅಂಗಳಕ್ಕೆ ಎತ್ತಿಕೊಂಡು ಹೋಗಿ, ಎರಡೂ ಕೈಯಿಂದ ಬೋರಲು ಹಾಕಿದ. ಕಪ್ಪಗೆ ಮಾಗಿದ ಹೋಳುಗಳು, ಜೇನಿನಷ್ಟು ಮಂದವಾದ ರಸ, ಎಲ್ಲ ಮಣ್ಣಿನ ಮೇಲೆ ಬಿತ್ತು. ಕೋಲಿನಿಂದ ಕೆದಕಿದ. ತಮ್ಮ ಬಂದು ಚಪ್ಪಲಿಯ ತುದಿಯಿಂದ ಸರಿಸಿ ನೋಡಿದ. ಲಿಂಬಿಕಾಯಿ ಬಿಟ್ಟು ಏನೂ ಇರಲಿಲ್ಲ.

ನಾನು ಕುಕ್ಕರುಗಾಲಿನಲ್ಲಿ ಕುಳಿತು ಮೇಲಿನ ಹೋಳುಗಳನ್ನು ಅಂಗೈಗೆ ಎತ್ತಿಕೊಳ್ಳತೊಡಗಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಓಡಿ ಬಂದಳು. "ಹೊಲಸಾಗೈತಿ, ಬಿಡ್ರಿ, ಮಂದಿ ನೋಡಾಕತ್ತಾರ" ಎಂದು ಕೈ ಜಾಡಿಸಿ, ಒಂದು ಬಕೆಟ್ ನೀರು ಸುರಿದಳು. ಅಂಗಳವೆಲ್ಲ ಹುಳಿ, ಇಂಗು, ಮೆಂತ್ಯೆ ಘಮ್ಮೆಂದಿತು. ಎಲ್ಲ ಹರಿದು ಗಟಾರಕ್ಕೆ ಹೋಯಿತು. ಅಣ್ಣ ನಕ್ಕ. ಅವನು ನಾಚಿಕೆಯಾದಾಗಲೂ ಹಾಗೇ ನಗುತ್ತಾನೆ. ಆದರೆ ಅವತ್ತು ನಾನು ಅದನ್ನು ಕ್ಷಮಿಸಲಿಲ್ಲ, ಇವತ್ತೂ ಕ್ಷಮಿಸಿಲ್ಲ.

"ಒಯ್ಯವಾ ನಿನ್ನ ಬರಣಿ. ರೊಕ್ಕಾನೂ ಬ್ಯಾಡ. ನಮಗೇನ ಮಾಡೂದೈತಿ ಅದರಿಂದ?" ಎಂದ. ವೈನಿ ಪಾಪ, ಸೋಪಿನ ಪುಡಿ ಹಾಕಿ, ಒಳಗೆ ಕೈ ಬಿಟ್ಟು ಗಸಗಸ ತಿಕ್ಕಿ ತೊಳೆದು ಕೊಟ್ಟಳು. "ಈಗ ಹೊಸಾದ್ರಂಗ ಆತ ನೋಡ್ರಿ" ಎಂದಳು. ಉಪಕಾರ ಮಾಡಿದೆ ಎಂದೇ ತಿಳಿದಿದ್ದಳು.

ಜಮಖಂಡಿಯ ಬಸ್ಸಿನಲ್ಲಿ ಬರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮನೆ ಸೇರಿ, ಬಾಗಿಲು ಹಾಕಿಕೊಂಡು, ಮುಚ್ಚಳ ತೆಗೆದು ಮುಖವನ್ನು ಬರಣಿಯ ಬಾಯಿಗೆ ಇಟ್ಟೆ. ಇಂಗಿಲ್ಲ, ಲಿಂಬಿಯಿಲ್ಲ, ಅವ್ವನಿಲ್ಲ. ಎಷ್ಟು ಸಲ ಉಸಿರೆಳೆದರೂ ಏನೂ ಬರಲಿಲ್ಲ. ಒಳ್ಳೆಯ ಪಿಂಗಾಣಿ ಯಾವ ವಾಸನೆಯನ್ನೂ ಹೀರಿಕೊಳ್ಳುವುದಿಲ್ಲ. ನೋಡಲು ಬಂದವರೆಲ್ಲ ನನ್ನ ಸಂಗ್ರಹದಲ್ಲಿ ಇದೇ ಚೊಕ್ಕದ್ದು ಎನ್ನುತ್ತಾರೆ.