ಅಟ್ಟದ ಮೇಲಿನ ಹಾರುವ ತಟ್ಟೆಗಳು

ಮೊನ್ನೆ ನಮ್ಮ ಶಾಲೆಗೆ ಆಟದ ಸಾಮಾನಿನ ಪೆಟ್ಟಿಗೆ ಬಂತು. ಇಂಥ ಪೆಟ್ಟಿಗೆ ಬಿಚ್ಚುವ ಉಮೇದು ಮಕ್ಕಳಿಗಿಂತ ನಮಗೇ ಹೆಚ್ಚು. ಕತ್ತರಿ ಹಿಡಿದು ನಾನೇ ಕೂತೆ. ಮುಚ್ಚಳ ಎತ್ತಿದ್ದೇ ತಡ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಸ್ಕಿಪ್ಪಿಂಗ್ ಹಗ್ಗ, ರಬ್ಬರ್ ರಿಂಗು, ಚೆಂಡುಗಳ ಅಡಿಯಲ್ಲಿ ಎಸೆದು ಆಡುವ ಒಂದು ಹಾರುವ ತಟ್ಟೆ. ಕಿತ್ತಳೆ ಬಣ್ಣದ್ದು. ಒಳಗೆ ಹಾಕಿದ ಕೈಯನ್ನು ನಾನು ಥಟ್ಟನೆ ಹಿಂದಕ್ಕೆ ಎಳೆದುಕೊಂಡೆ.

"ಎಂತ ಟೀಚರ್, ಒಳ್ಗೆ ಹಾವ್ ಇದ್ದಿತ್ತಾ?" ಎಂದು ಆಟದ ಮೇಷ್ಟ್ರು ನಕ್ಕರು. ತಟ್ಟೆಯನ್ನು ಎತ್ತಿ ಬೆರಳ ತುದಿಯಲ್ಲಿ ತಿರುಗಿಸುತ್ತಾ, ಪರದೇಶಗಳಲ್ಲಿ ಇದೇ ಒಂದು ದೊಡ್ಡ ಆಟವೆಂದು ಹೇಳಿ ಮೊಬೈಲಿನಲ್ಲಿ ತೋರಿಸಿದರು. ಡಿಸ್ಕ್ ಗಾಲ್ಫ್ ಅಂತೆ. ಕಾಡಿನಂಥ ತೋಟದಲ್ಲಿ ಅಲ್ಲಲ್ಲಿ ಸರಪಳಿಯ ಬುಟ್ಟಿ ನೆಟ್ಟಿರುತ್ತಾರೆ, ಕಡಿಮೆ ಎಸೆತದಲ್ಲಿ ತಟ್ಟೆಯನ್ನು ಬುಟ್ಟಿಗೆ ಹಾಕಿದವನು ಗೆದ್ದ. ಆಡುವವರಿಗೆ ಒಂದೊಂದು ತಟ್ಟೆಯ ಮೇಲೆ ಪ್ರೀತಿ ಕೂತುಬಿಡುತ್ತದಂತೆ. ಅದು ಕಳೆದರೆ ಏನು ಗತಿ ಎಂದು, ಕಂಪನಿ ಅದನ್ನು ಮಾಡುವುದು ನಿಲ್ಲಿಸಿದರೆ ಏನು ಗತಿ ಎಂದು, ಅದೇ ನಮೂನೆಯದ್ದನ್ನು ಹುಡುಕಿ ಹುಡುಕಿ ತಂದು ಮನೆಯಲ್ಲಿ ರಾಶಿ ಹಾಕಿಕೊಳ್ಳುತ್ತಾರಂತೆ. "ಮರ್ಲ್ ಅಲ್ದಾ ಟೀಚರ್?" ಎಂದು ಮೇಷ್ಟ್ರು ಮತ್ತೊಮ್ಮೆ ನಕ್ಕರು. ನನಗೆ ನಗು ಬರಲಿಲ್ಲ. ಕುಂದಾಪುರದ ಕೋಡಿಯಲ್ಲಿ, ನಮ್ಮ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಅಂಥದ್ದೇ ಒಂದು ರಾಶಿ ಇತ್ತು. ಅದನ್ನು ಹಾಕಿದ ಮರುಳಿ ನಾನೇ.

ನಾನು ಹುಟ್ಟಾ ಹೆದರುಪುಕ್ಕಲಿ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಬೇಸರವಾಗಬಾರದು. ಬಸ್ಸು ಹತ್ತುವ ಮೊದಲು ಡ್ರೈವರನ ಕಣ್ಣು ಕೆಂಪಗಿದೆಯೇ ಎಂದು ನೋಡುವವಳು ನಾನು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಸಾಸ್ತಾನದ ತನಕ ಹೋದವಳು ಇಳಿದು ಇನ್ನೊಂದು ಬಸ್ಸು ಹಿಡಿದು ವಾಪಸು ಬಂದದ್ದುಂಟು. ನನ್ನ ಗಂಡ ಇದನ್ನು ನೆಂಟರ ಮನೆಗಳಲ್ಲೆಲ್ಲ ಹೇಳಿ ನಗಿಸುತ್ತಾರೆ. ನಗಲಿ. ಈ ಹೆದರಿಕೆ ಬಾಡಿಗೆಯದ್ದಲ್ಲ, ತವರಿನಿಂದ ತಂದದ್ದು.

ನಮ್ಮದು ಮೀನುಗಾರರ ಮನೆ. ಅಪ್ಪ ಗಂಗೊಳ್ಳಿಯ ಬೋಟಿನಲ್ಲಿ ದುಡಿಯುತ್ತಿದ್ದರು. ಆದರೆ ಕಡಲಿಗೆ ಹೋಗುವವರ ಮನೆಯಲ್ಲಿ ಕಡಲಿನ ಹೆದರಿಕೆಯನ್ನು ಬಾಯಿಬಿಟ್ಟು ಹೇಳುವ ಕ್ರಮ ಇಲ್ಲ. ಹೇಳಿದರೆ ಕರೆದ ಹಾಗೆ ಎಂದು ಅಮ್ಮನ ನಂಬಿಕೆ. ಅಪ್ಪ ಹೊರಟು ನಿಂತಾಗ "ಜಾಗ್ರತೆ" ಅನ್ನುವ ಮಾತು ಕೂಡ ಅವಳ ಬಾಯಲ್ಲಿ ಬರುತ್ತಿರಲಿಲ್ಲ. "ಕಂಬ್ಳಿ ತಕಂಡ್ರ್ಯಾ? ಎಲೆಅಡಿಕೆ ಸಾಕಾ?" ಅಷ್ಟೇ. ಅಪ್ಪ ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ಒಳಗೆ ಬಂದು ಪಾತ್ರೆಗಳನ್ನು ವಿನಾಕಾರಣ ತಿಕ್ಕಲು ಕೂರುತ್ತಿದ್ದಳು.

ನಮ್ಮ ಚಿಕ್ಕಪ್ಪ ಕಡಲಿನಲ್ಲೇ ಹೋದವರು. ದೊಡ್ಡ ಬಿರುಗಾಳಿಯಲ್ಲೇನೂ ಅಲ್ಲ. ದಡದ ಹತ್ತಿರ ಬಲೆಯ ಒಂದು ತೇಲುಗುಂಡು ಕಿತ್ತುಹೋಯಿತೆಂದು, ಅದನ್ನು ಹಿಡಿದು ತರಲು ನೀರಿಗೆ ಹಾರಿದವರು ಮತ್ತೆ ಬರಲಿಲ್ಲ. ಒಂದು ತೇಲುಗುಂಡಿಗಾಗಿ! ಆಗ ನನಗೆ ಬುದ್ಧಿ ಬಂದಿತ್ತು, ತಮ್ಮ ರಘು ತೊಟ್ಟಿಲಲ್ಲಿದ್ದ. ಅವನು ದೊಡ್ಡವನಾಗಿ ಕೇಳಿದಾಗ "ಕಡ್ಲಿಗೆ ಹೋದ್ರ್" ಎಂದಷ್ಟೇ ಅಮ್ಮ ಹೇಳಿದ್ದು. ನಾನು ಉಳಿದದ್ದನ್ನು ಹೇಳಹೊರಟರೆ ಅಡುಗೆಮನೆಗೆ ಕರೆದು ಗದರಿದ್ದಳು. "ಮಾಣಿ ಎದ್ರ್ ಆ ಸುದ್ದಿ ತೆಗಿಬೇಡ. ನಾಳೆ ಅಂವನೂ ಕಡ್ಲಿಗೆ ಹೋಪವ್ನೇ."

ತೊಂಬತ್ತೇಳರ ಬೇಸಿಗೆಯಲ್ಲಿ ಬೊಂಬಾಯಿಯ ಹೋಟೆಲಿನಲ್ಲಿದ್ದ ಮಾವ ಊರಿಗೆ ಬರುವಾಗ ರಘುವಿಗೆ ಒಂದು ಹಾರುವ ತಟ್ಟೆ ತಂದರು. ದಪ್ಪ ಅಂಚಿನ, ಕೈಗೆ ತೂಕ ಸಿಗುವಂಥ ಕಿತ್ತಳೆ ತಟ್ಟೆ. ಹುಡುಗ ಅದರ ಹಿಂದೆ ಬಿದ್ದದ್ದೇ ಬಿದ್ದದ್ದು. ಕಡಲ ಬದಿಯ ಗಾಳಿಮರಗಳಿಗೆ ಸುಣ್ಣದ ಬೊಟ್ಟಿಟ್ಟು, ಒಂದು ಮರದಿಂದ ಇನ್ನೊಂದು ಮರಕ್ಕೆ ಎಸೆದು, ಯಾರು ಕಡಿಮೆ ಎಸೆತದಲ್ಲಿ ಅಳಿವೆಬಾಗಿಲಿನ ಕಡೆಯ ಕೊನೆಯ ಮರ ಮುಟ್ಟಿಸುತ್ತಾರೆ ಎಂದು ಆಟ ಕಟ್ಟಿದ. ಪರದೇಶದವರ ಸರಪಳಿ ಬುಟ್ಟಿಯ ಸುದ್ದಿ ನಮಗೆಲ್ಲಿ ಗೊತ್ತು? ಅವನ ಜೊತೆ ಆಡಲು ಸಿಕ್ಕವಳು ನಾನು. ಶಾಲೆಯಲ್ಲಿ ಪಾಠ ಹೇಳಲು ಆಗಷ್ಟೇ ಶುರು ಮಾಡಿದ್ದ, ಸೀರೆ ಎತ್ತಿ ಸಿಕ್ಕಿಸಿಕೊಂಡು ಕಡಲ ದಂಡೆಯ ಹೊಯ್ಗೆಯಲ್ಲಿ ಓಡುವ ಟೀಚರು. ನೋಡಿದವರು ಏನಂದುಕೊಂಡರೋ ದೇವರೇ ಬಲ್ಲ.

ನಾನು ಹೋಗುತ್ತಿದ್ದದ್ದು ಆಟದ ಆಸೆಗಲ್ಲ, ಕಾವಲಿಗೆ. ಮರಗಳ ಸಾಲಿನ ಬಲಕ್ಕೆ ಊರು, ಎಡಕ್ಕೆ ಕಡಲು. ಒಮ್ಮೆ ಆ ತಟ್ಟೆ ತೆಂಗಿನ ತಲೆಯಲ್ಲಿ ಸಿಕ್ಕಿಕೊಂಡಾಗ ರಘು ಜಾತ್ರೆಯ ತೆಳು ತಟ್ಟೆಯೊಂದನ್ನು ತಂದ. ಗಾಳಿಗೆ ಅದು ಎಡಕ್ಕೆ ವಾಲಿ ಸೀದಾ ತೆರೆಯ ಮೇಲೆ ಬಿತ್ತು. ಹುಡುಗ ಅಂಗಿ ಬಿಚ್ಚಿಯಾಗಿತ್ತು! ನಾನು ಅವನ ಚಡ್ಡಿ ಹಿಡಿದು ಜಗ್ಗಿದೆ. "ಬಿಡ್ ಅಕ್ಕ, ಇಲ್ಲೇ ಇತ್ತ್, ಈಗ ತತ್ತೆ" ಎಂದು ಒದ್ದಾಡಿದ. ಚಿಕ್ಕಪ್ಪನ ತೇಲುಗುಂಡು ನನ್ನ ಕಣ್ಣೆದುರು ತೇಲಿತು. ಆ ದಿನವೇ ನಿಶ್ಚಯ ಮಾಡಿದೆ. ಇವನನ್ನು ಆಟ ಬಿಡಿಸಲು ಆಗುವುದಿಲ್ಲ, ಹೆದರಿಸಲು ಅಮ್ಮ ಬಿಡುವುದಿಲ್ಲ. ಹಾಗಾದರೆ ಗಾಳಿಗೆ ವಾಲದ ಆ ದಪ್ಪ ತಟ್ಟೆ ನಮ್ಮಲ್ಲಿ ಯಾವತ್ತೂ ಇರಬೇಕು. ಒಂದು ಹೋದರೆ ಮನೆಯಲ್ಲಿ ಇನ್ನೊಂದಿದೆ ಎಂದು ಗೊತ್ತಿದ್ದರೆ ಯಾವ ಹುಡುಗ ನೀರಿಗೆ ಹಾರುತ್ತಾನೆ?

ಕುಂದಾಪುರ ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಅದೇ ತಟ್ಟೆ ಒಂದೆರಡು ಸಿಕ್ಕಿತು. ಇನ್ನೂ ಬೇಕೆಂದಾಗ ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. "ಅದ್ ಇನ್ ಬತ್ತಿಲ್ಲ ಹೆಣೆ. ಕಂಪ್ನಿಯವ್ರ್ ನಿಲ್ಸಿದ್ರಂಬ್ರ್. ಈಗೆಲ್ಲ ಈ ತೆಳೂದೇ." ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ನಾನು ಪಾಠ ಹೇಳುತ್ತಿದ್ದ ಬ್ರಹ್ಮಾವರದಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿನ ಅಂಗಡಿಗಳು, ರಜೆಯಲ್ಲಿ ಬೈಂದೂರು, ಯಾರದೋ ಮದುವೆಗೆ ಹೋದವಳು ಊಟ ಮುಗಿದದ್ದೇ ಹಾಲಾಡಿಯ ಜಂಕ್ಷನ್ನಿನಲ್ಲಿ. ಕೊಕ್ಕರ್ಣೆಯ ಒಂದು ದಿನಸಿ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಒಂದು ಸಿಕ್ಕಿದಾಗ ಬಂಗಾರ ಸಿಕ್ಕಿದವಳಂತೆ ಎದೆಗವಚಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ "ಮಕ್ಳಿಗಾ?" ಎಂದು ಕೇಳಿದ. ಮದುವೆಯಾಗದ ಹೆಣ್ಣು ಎಂತ ಹೇಳುವುದು, ಹೌದೆಂದೆ.

ತಂದದ್ದನ್ನೆಲ್ಲ ಅಮ್ಮನ ಕೈಗೆ ಕೊಟ್ಟೆ. ನಾನೇಕೆ ತರುತ್ತಿದ್ದೇನೆಂದು ಅವಳು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಅವಳಿಗೆ ತಿಳಿದಿತ್ತು. ಬೆಲೆಬಾಳುವ ವಸ್ತುವನ್ನು ಮಳೆಗಾಲಕ್ಕೆ ಎಲ್ಲಿಡಬೇಕೆಂದು ನಮ್ಮ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಣಮೀನು, ಒಣ ಸಿಗಡಿ, ಹಲಸಿನ ಹಪ್ಪಳ, ಬಿತ್ತನೆಯ ಸೌತೆಬೀಜ, ಎಲ್ಲಕ್ಕೂ ಒಂದೇ ಜಾಗ: ಒಲೆಯ ಮೇಲಿನ ಅಟ್ಟ. ಅಲ್ಲಿ ಹೊಗೆ ಬಡಿಯುತ್ತದೆ, ಬೂಷ್ಟು ಹಿಡಿಯುವುದಿಲ್ಲ, ಹುಳ ಬೀಳುವುದಿಲ್ಲ. ಅಮ್ಮ ತಟ್ಟೆಗಳನ್ನು ಗೋಣಿಯಲ್ಲಿ ಸುತ್ತಿ, ಒಣ ಸಿಗಡಿಯ ಡಬ್ಬದ ಪಕ್ಕದಲ್ಲಿ ಜೋಪಾನವಾಗಿಟ್ಟಳು. "ಮಳಿಗಾಲ ಕಳಿಲಿ, ಒಂದೂ ಹಾಳಾಪ್ದಿಲ್ಲ ಕಾಣ್" ಎಂದಳು. ಆ ಮಳೆಗಾಲ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ, ನಂಬಿ.

ಮಳೆ ಹಿಂದಾಗಿ ಬಿಸಿಲು ಬಿದ್ದಾಗ ಹಳೆಯ ತಟ್ಟೆಯ ಅಂಚು ಬಂಡೆಗೆ ಬಡಿದು ಸೀಳಿತ್ತು. ಅಟ್ಟದಿಂದ ಹೊಸದನ್ನು ಇಳಿಸಿದೆವು. ಹೊಗೆಯ ವಾಸನೆ, ಸಿಗಡಿಯ ವಾಸನೆ. ರಘು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಅಮ್ಮನನ್ನು ಕೇಳಿದ. "ಅಬ್ಬಿ, ಇದ್ ಒಂಚೂರ್ ಸೊಟ್ಟ ಇತ್ತಲೆ?" ಮಳೆಗಾಲವಿಡೀ ಒಲೆಯ ಶಾಖ ತಿಂದ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಒಂದು ಬದಿ ಎದ್ದಿತ್ತು. ಹಪ್ಪಳ, ಮೀನು ಕೆಡದ ಜಾಗದಲ್ಲಿ ಇದೊಂದು ಕೆಡುತ್ತದೆಂದು ಅಮ್ಮನಿಗೂ ಹೊಳೆಯಲಿಲ್ಲ, ಓದಿದ ನನಗೂ ಹೊಳೆಯಲಿಲ್ಲ. ಅಮ್ಮ ಅದನ್ನು ರುಬ್ಬುಕಲ್ಲಿನ ಗುಂಡಿನ ಅಡಿ ಇಟ್ಟು, ಮಾರನೆಯ ದಿನ ತೆಗೆದು, "ಸಮ ಆಯ್ತ್, ಹೋಯ್ನಿ" ಎಂದು ಕಳಿಸಿದಳು.

ಸಂಜೆಯ ಹೊತ್ತು. ಕಡಲು ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ, ನೀರಿನ ಬಣ್ಣ ಮಣ್ಣಿನದ್ದೇ. ರಘು ಎಸೆದ. ತಟ್ಟೆ ನೆಟ್ಟಗೆ ಹೋಯಿತು, ಸುಣ್ಣದ ಬೊಟ್ಟಿನ ಹತ್ತಿರ ಹೋಯಿತು, ಅಲ್ಲಿಂದ ಯಾರೋ ಕೈಹಿಡಿದು ತಿರುಗಿಸಿದ ಹಾಗೆ ಎಡಕ್ಕೆ ತಿರುಗಿತು. ತೆರೆಗಳ ಆಚೆ ಬಿತ್ತು. ರಘು ಒಮ್ಮೆ ನನ್ನ ಕಡೆ ನೋಡಿದ. ಬೇಡ ಎನ್ನಲು ನನಗೆ ನಾಲಗೆ ಏಳಲಿಲ್ಲ. ಮರುಕ್ಷಣ ಅವನು ಓಡಿ ಹಾರಿಯಾಗಿತ್ತು.

ಅವನ ತಲೆ ಕಂಡಿತು, ಮುಳುಗಿತು, ಮತ್ತೆ ಕಂಡಿತು, ಪ್ರತಿ ಸಲ ಅಳಿವೆಬಾಗಿಲಿಗೆ ಇನ್ನಷ್ಟು ಹತ್ತಿರ. ಹೊಳೆ ಕಡಲಿಗೆ ಬೀಳುವ ಆ ಜಾಗದ ಸೆಳೆತಕ್ಕೆ ಅಪ್ಪನ ಬೋಟಿನವರೇ ಹೆದರುತ್ತಾರೆ. ಆಮೇಲೆ ತಲೆ ಕಾಣಲೇ ಇಲ್ಲ. ನಾನು ಕೂಗುತ್ತಾ ಹೊಯ್ಗೆಯಲ್ಲಿ ಓಡಿದೆ, ಬಿದ್ದೆ, ಮತ್ತೆ ಓಡಿದೆ. ದೇವರಲ್ಲಿ ಏನು ಕೇಳಿಕೊಂಡೆನೋ ನೆನಪಿಲ್ಲ. ಅಮ್ಮನಿಗೆ ಏನು ಹೇಳಲಿ ಎನ್ನುವ ಒಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಬಂದು ನನ್ನ ರಟ್ಟೆ ಹಿಡಿದಳು. "ಮರ್ಕ್‌ಬೇಡ ಹೆಣೆ, ಮರ್ಕ್‌ಬೇಡ, ಬತ್ತ ಅಂವ" ಎನ್ನುತ್ತಾ ತಾನೂ ಅಳುತ್ತಿದ್ದಳು.

ಬಂದ. ಅಳಿವೆಯ ಈಚೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತಿದ್ದವರು ಅವನನ್ನು ಕಂಡು "ಹ್ವಾಯ್, ಹಗ್ಗ ಹಿಡಿಯಾ!" ಎಂದು ಬೊಬ್ಬೆ ಹೊಡೆದಿದ್ದರು. ಬಲೆಯ ಹಗ್ಗಕ್ಕೆ ಜೋತುಬಿದ್ದು, ಮೀನಿನ ಜೊತೆ ಮೀನಾಗಿ ದಡಕ್ಕೆ ಬಂದ. ತುಟಿ ನೀಲಿಯಾಗಿತ್ತು. ಒಂದು ಕೈಯಲ್ಲಿ ಆ ಸೊಟ್ಟ ತಟ್ಟೆ. ಅದನ್ನು ನನ್ನ ಕಡೆ ಚಾಚಿ ನಕ್ಕ, ಪಾಪಿ! ನಾನು ಅವನ ಕೆನ್ನೆಗೆ ಬಾರಿಸಿ, ಅಲ್ಲೇ ಕುಸಿದು ಅವನ ಕಾಲು ತಬ್ಬಿಕೊಂಡೆ.

ಮನೆಯಲ್ಲಿ ಅಮ್ಮ ಅವನ ತಲೆ ಒರೆಸಿದಳು. ಬಿಸಿ ಗಂಜಿ ಬಡಿಸಿದಳು, ಅವನು ಉಣ್ಣುವುದನ್ನೇ ನೋಡುತ್ತಾ ಕೂತಳು. ಆಮೇಲೆ ಅಟ್ಟ ಹತ್ತಿ ಉಳಿದ ತಟ್ಟೆಗಳನ್ನೆಲ್ಲ ಇಳಿಸಿ ಉಪ್ಪುನೀರಿನ ಮಾವಿನಕಾಯಿಯ ಭರಣಿಗಳಿಗೆ ಮುಚ್ಚಿದಳು. ಸೊಟ್ಟವಾದ್ದರಿಂದ ಒಂದೂ ಸರಿ ಕೂರಲಿಲ್ಲ. ಮೇಲೊಂದು ಕಲ್ಲು ಹೇರಿದಳು.

ಶಾಲೆಯಲ್ಲಿ ಪೆಟ್ಟಿಗೆ ಬಿಚ್ಚಿದ ಆ ವಾರವೇ ನಾನು ಕೋಡಿಗೆ ಹೋದೆ. ರಘು ಈಗ ಬೋಟಿನ ತಾಂಡೇಲ, ಹತ್ತಾರು ಜನರನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವ ಜವಾಬ್ದಾರಿ. ಜಗಲಿಯಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ. ಮೊಬೈಲಿನಲ್ಲಿ ಕಂಡ ಆಟದ ಸುದ್ದಿ ಹೇಳಿದೆ. ತಟ್ಟೆ ರಾಶಿ ಹಾಕುವವರ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಕೇಳಿದ.

"ಅಕ್ಕ, ನಾನ್ ಅವತ್ತ್ ಎಂತಕೆ ಹಾರಿದ್ದ್ ಗೊತ್ತಿತ್ತಾ ನಿಂಗೆ?"

"ಸೊಕ್ಕ್. ಮತ್ತೆಂತ?"

"ಅಲ್ಲ ಮಾರಾಯ್ತಿ. ತಟ್ಟೆ ಕಡ್ಲ್ ಬದಿಗೆ ತಿರ್ಗಿದ್ದೇ ನಾನ್ ನಿನ್ ಮೋರೆ ಕಂಡೆ. ಹೆಣದ್ ಮೋರೆ ಆಯಿತ್ತ್. ಊರೆಲ್ಲ ತಿರ್ಗಿ ಹುಡ್ಕಿ ತಂದದ್ದಲ್ದಾ ನೀನ್. ಅದ್ ಹೋದ್ರೆ ನೀನ್ ತಡ್ಕಂತಿಲ್ಲ ಅಂದೇಳಿ ಹಾರ್ದೆ."

ನಾನು ಅವನನ್ನೇ ನೋಡಿದೆ. ಇಷ್ಟು ವರ್ಷ ಇವನು ಹಾಗೆ ತಿಳಿದುಕೊಂಡೇ ಇದ್ದಾನೆ! ನಾನು ಅಲೆದಲೆದು ತಂದದ್ದರಿಂದಲೇ ಅದು ಇವನಿಗೆ ಜೀವಕ್ಕಿಂತ ದೊಡ್ಡದಾಗಿತ್ತು. ಕಡಲಿನಿಂದ ಅವನು ಬಂದ ದಿನ ಕೂಡ ನಾನು ಇಷ್ಟು ಹೆದರಿರಲಿಲ್ಲ.

"ತಟ್ಟೆ ಹೋತ್ತ್ ಅಂದೇಳಿ ಅಲ್ಲ ರಘು," ಎಂದೆ. "ನೀನ್ ಹೋತೆ ಅಂದೇಳಿ ಹೆದ್ರಿದ್ದ್ ನಾನ್. ನೀನ್ ನೀರಿಗೆ ಹೋಪುಕಾಗ ಅಂದೇಳೇ ಅಷ್ಟೂ ತಂದದ್ದ್. ಈಗ್ಲೂ ನೀನ್ ಬೋಟ್ ಹತ್ತಿದ್ರೆ, ವಾಪಸ್ ಬಪ್ಪತನ್ಕ ನಂಗೆ ಹೆದ್ರಿಕೆ ಆತ್ತ್."

ನಮ್ಮ ಮನೆಯಲ್ಲಿ ಯಾರೂ ಆಡಬಾರದ ಮಾತು ಅದು. ಆಡಿಬಿಟ್ಟೆ. ರಘುವಿನ ಕೈ ಬಲೆಯ ಮೇಲೆ ನಿಂತಿತು. ನಗುತ್ತಾನೆ ಎಂದುಕೊಂಡೆ. ಬೈಯುತ್ತಾನೆ ಎಂದುಕೊಂಡೆ. ತಾಂಡೇಲನ ಎದುರು, ಬೆಳಗಾದರೆ ಬೋಟು ಹತ್ತುವವನ ಎದುರು, ಹೀಗೆ ಬಾಯಿ ಬಿಡುವುದೇ?

ಅವನು ತಲೆ ಎತ್ತದೆ ಮೆಲ್ಲಗೆ ಹೇಳಿದ.

"ನಂಗೂ ಆತ್ತ್, ಅಕ್ಕ. ದಿನಾ ಆತ್ತ್."