ಭರಮವ್ವನ ಹಿಂಡಿನ ಹಿಂದೆ ಆರು ದಿನ

ಲಾರಿಗಳದೇ ಚಿಂತೆ. ಸಾವಂತ್ರವ್ವ ಕಣ್ಣು ಮುಚ್ಚಿದರೆ ಖಾನಾಪುರದ ಕಡೆಯಿಂದ ಕಟ್ಟಿಗೆ ಹೇರಿಕೊಂಡು ಬರುವ ಲಾರಿ, ತೆರೆದರೆ ಗೋವೆಗೆ ತರಕಾರಿ ಒಯ್ಯುವ ಲಾರಿ. ಅದರ ಮುಂದೆ ಐದು ವರ್ಷದ ಮಗಳು ಮಾಯಿ, ಅತ್ತ ಇತ್ತ ನೋಡದೆ ರಸ್ತೆ ದಾಟುತ್ತಿರುತ್ತಾಳೆ. ಬೆಳಗಾವಿಯ ಅನಗೋಳದ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಇದೇ ಚಿತ್ರ ಬಂದು, ಹಂಚಿನ ಮೇಲಿನ ರೊಟ್ಟಿ ಎರಡು ಸಲ ಕರಕಾಗಿತ್ತು.

ಅದು ಎಂಬತ್ನಾಲ್ಕನೆಯ ಇಸವಿಯ ಮೇ ತಿಂಗಳು. ಅತ್ತೆ ಭರಮವ್ವ ಖಾನಾಪುರದಿಂದ ಹೇಳಿ ಕಳಿಸಿದ್ದಳು: ಈ ಸಲ ಕುರಿ ಹೊಡೆದುಕೊಂಡು ಊರಿಗೆ ತಿರುಗುವಾಗ ಮೊಮ್ಮಗಳು ತನ್ನ ಜೊತೆ ನಡೆದು ಬರಬೇಕು. ಗಂಡ ಬೀರಣ್ಣ ಬೆಳಗಾವಿಯ ಒಂದು ಕಚೇರಿಯಲ್ಲಿ ಕಾರಕೂನ. ಕುರುಬರ ಮನೆತನದಲ್ಲಿ ಖುರ್ಚಿಯ ಮೇಲೆ ಕೂತು ಪಗಾರ ತಂದ ಮೊದಲಿಗ. ಅವನಿಗೆ ತಾಯಿಯ ಅಲೆದಾಟ ಸಾಕಾಗಿತ್ತು.

"ನೀನೂ ಕೂಡ ಹೋಗು," ಅಂದ. "ಏನರ ಒಂದು ತ್ರಾಸ ಆತಂದ್ರ ಅಲ್ಲಿಂದನ ಫೋನ್ ಮಾಡು, ರಿಕ್ಷಾ ತಗೊಂಡು ಬರತೇನಿ. ಅಷ್ಟಾದ್ರ ಸಾಕು ನೋಡು, ಕುರಿ ಎಲ್ಲಾ ಅಣ್ಣಗ ಒಪ್ಪಿಸಿ ಅವ್ವನ್ನ ಮನ್ಯಾಗ ಕುಂಡ್ರಸತೇನಿ. ಕೂಸಿನ ಮ್ಯಾಲ ಬಂದಿದ್ದು ಅಂದ್ರ ಅಕೀನೂ ಇಲ್ಲ ಅನ್ನಾಕಿಲ್ಲ."

ಬೆಳಗಾವಿ ಕೋಟೆಯ ಹತ್ತಿರದ ತವರಿನಲ್ಲಿ ಬೆಳೆದು, ಮ್ಯಾಟ್ರಿಕ್ ಮುಗಿಸಿ, ಕುರಿಯನ್ನು ದೂರದಿಂದ ಮಾತ್ರ ಕಂಡಿದ್ದ ಸಾವಂತ್ರವ್ವ ಒಂದು ಚೀಲ ಕಟ್ಟಿದಳು. ಅದರಲ್ಲಿ ಕಾಯಿಸಿ ಆರಿಸಿದ ನೀರಿನ ಬಾಟ್ಲಿಗಳು, ಗ್ಲುಕೋಸ್ ಪುಡಿ, ಜ್ವರದ ಗುಳಿಗೆ, ಗಾಯಕ್ಕೆ ಹಚ್ಚುವ ಮುಲಾಮು, ಮೂರು ಟೊಪ್ಪಿಗೆ. ಖಾನಾಪುರದ ಬಸ್ಸಿಳಿದು ಗದ್ದೆಯ ಹಾದಿ ಹಿಡಿದಾಗ ಚೀಲ ಮಗಳಿಗಿಂತ ಭಾರವಾಗಿತ್ತು.

ಭರಮವ್ವ ಚೀಲದ ಬಾಯಿ ಬಿಚ್ಚಿ ನೋಡಿ, "ದವಾಖಾನಿ ಹೊತ್ತುಕೊಂಡು ಬಂದಿಯೇನವಾ?" ಅಂದಳು. ನಗಲಿಲ್ಲ. ಚೀಲವನ್ನು ಎತ್ತಿ ಕುದುರೆಯ ಬೆನ್ನಿಗೆ, ಕೊಪ್ಪರಿಗೆ ಕಂಬಳಿಗಳ ನಡುವೆ, ಜೋಪಾನವಾಗಿ ಕಟ್ಟಿದಳು.

ಭರಮವ್ವನಿಗೆ ಆಗ ಐವತ್ತೈದು ದಾಟಿತ್ತು. ವಯಸ್ಸು ಕೇಳಿದರೆ ಆಕೆ ವರ್ಷ ಹೇಳುತ್ತಿರಲಿಲ್ಲ, ಜಾಗ ಹೇಳುತ್ತಿದ್ದಳು. ದೊಡ್ಡ ಮಗ ಹಣಮಪ್ಪ ಹುಟ್ಟಿದ್ದು ಗರ್ಲಗುಂಜಿಯ ಗದ್ದೆಯಲ್ಲಿ, ಬೀರಣ್ಣ ಇದ್ದಲಹೊಂಡದ ಹುಣಸೆಮರದ ಕೆಳಗೆ. ಬೀರಣ್ಣ ಹುಟ್ಟಿದ ಮೂರನೆಯ ದಿನಕ್ಕೆ ಕೂಸನ್ನು ಕುದುರೆಯ ಮೇಲಿನ ಬುಟ್ಟಿಯಲ್ಲಿ ಮಲಗಿಸಿ ಹಿಂಡಿನ ಹಿಂದೆ ನಡೆದಿದ್ದಳಂತೆ. ಗಂಡ ತೀರಿಕೊಂಡ ವರ್ಷ, "ಇನ್ನ ಕುರಿ ಮಾರ್ರಿ" ಎಂದು ದಾಯಾದಿಗಳು ಹೇಳಲು ಬಂದರೆ, ಅವರಿಗೆ ಚಹಾ ಕುಡಿಸಿ, ಕೋಲು ತೆಗೆದುಕೊಂಡು ಹೊರಟೇಬಿಟ್ಟಿದ್ದಳು.

ಸುಗ್ಗಿ ಮುಗಿದರೆ ಸಾಂಬ್ರಾದ ಆಚೆಯ ತನ್ನ ಊರಿನಿಂದ ಪಡುವಣಕ್ಕೆ ಬರುವುದು, ಖಾನಾಪುರದ ಬತ್ತದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ಕೂಡಿ ತರುಬುವುದು, ಮುಂಗಾರಿನ ಮಿರಗದ ಮಳೆ ಹಿಡಿಯುವ ಮೊದಲು ಮತ್ತೆ ಬಯಲಿಗೆ ತಿರುಗುವುದು. ಈ ಕಡೆಯ ಮಳೆಯಲ್ಲಿ ನಿಂತರೆ ಕುರಿಗಳ ಗೊರಸು ಕೊಳೆಯುತ್ತದೆ. ಗದ್ದೆಯ ಯಜಮಾನರು ಮರಾಠಿಯವರು. ಭರಮವ್ವ ಅವರೊಡನೆ ಮರಾಠಿಯಲ್ಲಿಯೇ ಜಗಳಾಡುತ್ತಿದ್ದಳು, ಅವರ ಸೊಸೆಯರ ಬಾಣಂತನದ ಸುದ್ದಿ ಕೇಳುತ್ತಿದ್ದಳು. ಹೊರಡುವ ಮುಂಜಾನೆ ಒಬ್ಬ ಮುದುಕಿ ಬಂದು ಮಾಯಿಯ ಕೈಗೆ ಗೇರುಹಣ್ಣು ಕೊಟ್ಟು, "ಇಕಿ ಅಪ್ಪನೂ ಹಿಂಗ ಇದ್ದ, ನಮ್ಮ ಫಣಸ ಕದೀತಿದ್ದ," ಎಂದು ಮುರುಕು ಕನ್ನಡದಲ್ಲಿ ಹೇಳಿದಳು. ಕಾರಕೂನ ಬೀರಣ್ಣ ಹಲಸಿನ ಹಣ್ಣು ಕದ್ದಿದ್ದನ್ನು ಸಾವಂತ್ರವ್ವ ಕೇಳಿದ್ದು ಅದೇ ಮೊದಲು.

ಎಪ್ಪತ್ತರ ಆಸುಪಾಸಿನ ಬೇಸಿಗೆಗಳಲ್ಲಿ ಮನೆತನದ ಎಲ್ಲ ಮಕ್ಕಳೂ ಹೀಗೆಯೇ ನಡೆದವರು. ಸಾಲಿ ಬಿಟ್ಟ ಮರುದಿನ ಏಳೆಂಟು ಮಕ್ಕಳನ್ನು ಬಸ್ಸಿಗೆ ತುಂಬಿ ಖಾನಾಪುರಕ್ಕೆ ಕಳಿಸಿದರೆ, ಮಿರಗದ ಹೊತ್ತಿಗೆ ಅವು ಕರ್ರಗಾಗಿ, ಗಟ್ಟಿಯಾಗಿ, ಭರಮವ್ವನ ಹಿಂದೆ ಊರು ಸೇರುತ್ತಿದ್ದವು. ಒಂದೂ ಕಳೆದಿರಲಿಲ್ಲ. ಅದಕ್ಕೆ ಆಕೆಯದೇ ಒಂದು ರೀತಿ ಇತ್ತು.

ಮೊದಲ ದಿನವೇ ಎಂಟು ದಿನದ ಒಂದು ಕರಿ ಮರಿಯನ್ನು ತಂದು ಮಾಯಿಯ ತೋಳಿಗೆ ಇಟ್ಟಳು. "ಇದು ನಿಂದು. ಹೊತ್ತಿದ್ರ ಹೊರು, ನಡಸಿದ್ರ ನಡಸು. ಖರೇ ಬಿಡಬ್ಯಾಡ."

ಸೊಸೆಯ ಕಡೆ ತಿರುಗಿ ಹೇಳಿದಳು: "ಕೂಸು ಎಲ್ಲಿ ಹೋತಂತ ನಾ ನೋಡಂಗಿಲ್ಲವಾ. ಈ ಮರಿ ತಾಯಿ ನೋಡತೈತಿ. ಮರಿ ದೂರ ಆತಂದ್ರ ಒದರತೈತಿ. ಅದು ಯಾವ ಕಡೆ ಮಾರಿ ಮಾಡಿ ಒದರತೈತಿ, ಕೂಸು ಆ ಕಡೆ ಐತಿ ಅಂತ ತಿಳಿ."

ಮುದುಕಿಯ ಮಾತು, ಮಗುವನ್ನು ಖುಷಿಯಾಗಿಡಲು ಒಂದು ಆಟಿಕೆ ಕೊಟ್ಟಿದ್ದಾಳೆ ಎಂದುಕೊಂಡಳು ಸಾವಂತ್ರವ್ವ. ಅವಳು ನಂಬಿದ್ದು ತನ್ನ ಕಣ್ಣನ್ನು, ಮಗಳ ಫ್ರಾಕಿನ ಹಿಂದಿನ ಪಟ್ಟಿಯನ್ನು. ಎರಡು ದಿನ ಆ ಪಟ್ಟಿಯನ್ನು ಹಿಡಿದೇ ನಡೆದಳು. ಮುಂದೆ ಹಣಮಪ್ಪ, ನಡುವೆ ನೂರಾ ಮೂವತ್ತು ಕುರಿ, ಹಿಂದೆ ಕುದುರೆ, ಅದರ ಬಾಜು ಭರಮವ್ವ. ಲಾರಿ ಬಂದರೆ ಆಕೆ ನಡುರಸ್ತೆಗೆ ಹೋಗಿ ಕೋಲು ಅಡ್ಡ ಹಿಡಿಯುತ್ತಿದ್ದಳು. ಲಾರಿ ನಿಲ್ಲುತ್ತಿತ್ತು. ಡ್ರೈವರ್ ಏನೋ ಒದರಿದರೆ, "ಗಾಡಿ ನಿಲ್ಲಿಸಿದಿ, ನಿನ್ನ ಮಕ್ಕಳು ಛಲೋ ಇರಲಿ, ಈಗ ಬೈಯಪ್ಪಾ," ಅನ್ನುತ್ತಿದ್ದಳು. ಬೈಯಲು ಬಂದವನು ಅರ್ಧಕ್ಕೆ ನಿಂತು ಬೀಡಿ ಹಚ್ಚುತ್ತಿದ್ದ.

ಮೂರನೆಯ ದಿನ ಸಾವಂತ್ರವ್ವನ ಚೀಲದ ನೀರು ತೀರಿತು. ಭರಮವ್ವ ಯಾವ ಬಾವಿಯ ನೀರು ಕೂಸಿಗೆ ಒಗ್ಗುತ್ತದೆ, ಯಾವುದು ಕುರಿಗೆ ಮಾತ್ರ ಎಂದು ಬಲ್ಲವಳು. ಒಂದು ಬಾವಿಯಿಂದ ಸೇದಿ, ಸೆರಗಿನಲ್ಲಿ ಸೋಸಿ, ಮೊದಲು ತಾನು ಕುಡಿದು ತೋರಿಸಿದಳು. ಮಾಯಿ ಗಟಗಟ ಕುಡಿದಳು. ಸಾವಂತ್ರವ್ವ ಆ ರಾತ್ರಿಯೆಲ್ಲ ಮಗಳ ಹೊಟ್ಟೆ ಮುಟ್ಟಿ ನೋಡಿದಳು. ಏನೂ ಆಗಲಿಲ್ಲ.

ನಾಲ್ಕನೆಯ ದಿನ ಮಚ್ಛೆಯ ಹತ್ತಿರ, ರಸ್ತೆಗೆ ಹತ್ತಿದ ಒಂದು ಬೋಳು ಹೊಲದಲ್ಲಿ ಮಧ್ಯಾಹ್ನದ ಬಿಡಾರ. ಬಿಸಿಲು ಏರಿದರೆ ಕುರಿಗಳು ಮೇಯುವುದಿಲ್ಲ, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ, ಒಂದೇ ಮುದ್ದೆಯಾಗಿ ನಿಲ್ಲುತ್ತವೆ. ಮಾಯಿ ಬೇವಿನ ಕೆಳಗೆ ಮರಿಯನ್ನು ತಬ್ಬಿಕೊಂಡು ಮಲಗಿದ್ದಳು. ಅವಳ ಕತ್ತಿನಲ್ಲಿ ಎರಡು ಕೆಂಪು ಗಂಧೆ. ಮರಿಯ ಮೈಮೇಲಿನ ಉಣ್ಣಿ ಕಚ್ಚಿರಬೇಕು, ಇದರಿಂದ ಜ್ವರ ಬಂದರೆ ಎಂದುಕೊಂಡಳು ಸಾವಂತ್ರವ್ವ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮಗಳ ತೋಳಿನಿಂದ ಮರಿಯನ್ನು ಮೆಲ್ಲಗೆ ಬಿಡಿಸಿ ಒಯ್ದು, ಕುದುರೆಯ ಹತ್ತಿರ ಇಳಿಸಿದ್ದ ಬುಟ್ಟಿಯಲ್ಲಿ ಹಾಕಿ ಮುಚ್ಚಿದಳು. ಮಗಳಿಗೆ ಮುಲಾಮು ಹಚ್ಚಿ ಪಕ್ಕದಲ್ಲಿ ಒರಗಿದಳು. ನಾಲ್ಕು ದಿನದ ದಣಿವು, ಕಣ್ಣು ಎಳೆಯಿತು.

ಎಚ್ಚರವಾದಾಗ ಬೇವಿನ ಕೆಳಗೆ ಮಾಯಿ ಇರಲಿಲ್ಲ.

ಸಾವಂತ್ರವ್ವ ರಸ್ತೆಗೆ ಓಡಿದಳು. ಎರಡೂ ಕಡೆ ಬಿಸಿಲು ಕುಣಿಯುತ್ತಿತ್ತು. ಸೈಕಲ್ಲಿನ ಮೇಲೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಅನಗೋಳದ ತಮ್ಮ ಓಣಿಯ ಹಾಲಿನವನನ್ನು ನಿಲ್ಲಿಸಿ ಕೇಳಿದಳು, ಅವನು ಕಂಡಿರಲಿಲ್ಲ. ಹಣಮಪ್ಪ ಬಾವಿಯ ಕಡೆ ಓಡಿದ. ಅವಳು ತಿರುಗಿ ಬಂದು ಮಗಳ ಹೆಸರು ಕೂಗುತ್ತ ಹಿಂಡಿನ ಕಡೆ ಧಾವಿಸುವಾಗ ಭರಮವ್ವ ಎದುರು ಬಂದು ಅವಳ ರಟ್ಟೆ ಹಿಡಿದಳು.

"ಒದರಬ್ಯಾಡ. ಓಡಬ್ಯಾಡ. ಕುರಿ ಬೆದರಿದ್ರ ಕಾಲಾಗ ಏನೈತಿ ನೋಡಂಗಿಲ್ಲ ಅವು. ಕೂಸಿನ ಮರಿ ಎಲ್ಲಿ?"

ಸಾವಂತ್ರವ್ವನ ಕಣ್ಣು ಬುಟ್ಟಿಯ ಕಡೆ ಹೋಯಿತು. ಅಷ್ಟರಲ್ಲಿ ಬುಟ್ಟಿಯೊಳಗಿಂದ ಮರಿ ಸಣ್ಣಗೆ ಅರಚಿತು. ಭರಮವ್ವ ಬುಟ್ಟಿಯನ್ನು ನೋಡಿದಳು, ಸೊಸೆಯ ಬೆರಳಿಗೆ ಅಂಟಿದ್ದ ಮುಲಾಮನ್ನು ನೋಡಿದಳು. ಸೊಸೆಯನ್ನು ಅಲ್ಲೇ ನೆಲಕ್ಕೆ ಕುಳ್ಳಿರಿಸಿ, ಬಾವಿಯಿಂದ ಓಡಿ ಬರುತ್ತಿದ್ದ ಮಗನಿಗೆ ಕೈ ಎತ್ತಿ ನಿಲ್ಲೆಂದು ಸನ್ನೆ ಮಾಡಿ, ಒಂದು ಕಲ್ಲಿನ ಮೇಲೆ ಹತ್ತಿ ನಿಂತಳು.

ಆಕೆ ರಸ್ತೆ ನೋಡಲಿಲ್ಲ, ಬಾವಿ ನೋಡಲಿಲ್ಲ. ಹಿಂಡನ್ನು ನೋಡಿದಳು. ಸಾವಂತ್ರವ್ವನಿಗೆ ಅದು ಒಂದು ಕರಿ ಕಂಬಳಿ, ಅಷ್ಟೇ. ಭರಮವ್ವನ ಕಣ್ಣು ಆ ಕಂಬಳಿಯ ಮೇಲೆ ಎಳೆ ಎಳೆಯಾಗಿ ಹರಿದು, ಬಲಗಡೆ ಒಂದು ಜಾಗದಲ್ಲಿ ನಿಂತಿತು. ಆಮೇಲೆ ಇಳಿದು, ನಾಲಿಗೆಯಿಂದ ಟಕ್ ಟಕ್ ಎಂದು ಸಪ್ಪಳ ಮಾಡುತ್ತ, ಕುರಿಗಳನ್ನು ಮಂಡಿಯಿಂದ ಸರಿಸುತ್ತ, ಗದ್ದೆಯ ನೀರಿನಲ್ಲಿ ನಡೆಯುವವಳ ಹಾಗೆ ನಿಧಾನಕ್ಕೆ ಒಳಗೆ ಹೋದಳು. ಬಗ್ಗಿದಳು. ಎದ್ದಾಗ ಹೆಗಲ ಮೇಲೆ ಮಾಯಿ ಇದ್ದಳು, ಇನ್ನೂ ಅರೆನಿದ್ದೆಯಲ್ಲಿ, ಮೈಗೆಲ್ಲ ಹಿಕ್ಕೆ ಮೆತ್ತಿಕೊಂಡು.

"ಮರಿ ಅವರವ್ವನ ಕಡೆ ಹೋಗೇತೇನಂತ ನೋಡಾಕ ಹೋಗಿದ್ನಿ," ಅಂದಳು ಮಾಯಿ. "ಅಲ್ಲೆ ತಂಪಿತ್ತು."

"ಹೆಂಗ ತಿಳೀತ್ರಿ ಅತ್ತಿ?" ಮಗಳ ಮೈಯ ಹಿಕ್ಕೆ ಒರೆಸುತ್ತ ಕೇಳಿದಳು ಸಾವಂತ್ರವ್ವ.

"ಎಲ್ಲಾವೂ ಒತ್ತಿ ನಿಂತಿದ್ದೂ. ಅಲ್ಲಿ ನಾಕೈದು ಮಾತ್ರ ಕಾಲು ಅಗಲ ಇಟ್ಟು, ತುಸು ಜಾಗಾ ಬಿಟ್ಟು ನಿಂತಿದ್ದೂ. ಮಲಗಿದ ಮರಿ ಇದ್ರ ಹಂಗ ನಿಂದರತಾವು." ಅಷ್ಟು ಹೇಳಿ, ಬುಟ್ಟಿಯಿಂದ ಮರಿಯನ್ನು ತೆಗೆದು ಮೊಮ್ಮಗಳಿಗೆ ಕೊಟ್ಟು, ರೊಟ್ಟಿಯ ಗಂಟು ಬಿಚ್ಚಿದಳು.

ಹಣಮಪ್ಪನಿಗೆ ಸಿಟ್ಟು ಇಳಿದಿರಲಿಲ್ಲ. "ಹೆಂಗ ಆತಿದು? ಹಾಲಿನವ ನೋಡಿ ಹೋದ. ಸಂಜೀನ್ಯಾಗ ಬೀರಣ್ಣನ ಕಿವಿಗೆ ಬೀಳತೈತಿ. ಮುಂದಿನ ವರ್ಷ ನೀ ಅನಗೋಳದಾಗ ಕಟ್ಟಿ ಮ್ಯಾಲ ಕುಂತಿರತಿ ನೋಡು ಅವ್ವಾ."

"ನನ್ನ ಕಣ್ಣು ತಪ್ಪೇತಪ್ಪಾ," ಅಂದಳು ಭರಮವ್ವ. "ವಯಸ್ಸಾತು, ತಪ್ಪತೈತಿ. ಉಣ್ಣು." ಮೊದಲ ರೊಟ್ಟಿಯನ್ನು ಸೊಸೆಯ ಕೈಗೆ ಇಟ್ಟಳು, ಅದರ ಮೇಲೆ ಎರಡು ಚಮಚ ಚಟ್ನಿ ಹೆಚ್ಚಿಗೆ.

ಸಾವಂತ್ರವ್ವ ಆ ರೊಟ್ಟಿಯನ್ನು ಮುರಿದು ಮಗಳಿಗೆ ಕೊಟ್ಟಳು. ಮೂವತ್ತು ವರ್ಷ ಯಾರ ಮಕ್ಕಳನ್ನೂ ಕಳೆಯದ ಹೆಂಗಸು ತನ್ನ ಹೆಸರನ್ನೇ ತೆಗೆದು ಸೊಸೆಯ ತಪ್ಪಿನ ಮೇಲೆ ಹೊದಿಸಿದ್ದಳು. ಹೇಳದೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೀರಣ್ಣ ಬಂದು ತಾಯಿಯನ್ನು ಮನೆಗೆ ಕರೆದೊಯ್ಯುತ್ತಾನೆ, ಮಾಯಿ ಇನ್ನೆಂದೂ ಲಾರಿಯ ರಸ್ತೆಗೆ ಬರುವುದಿಲ್ಲ. ಹದಿನೈದು ದಿನದಿಂದ ತಾನು ಬೇಡಿಕೊಂಡಿದ್ದು ಅದನ್ನೇ ಅಲ್ಲವೇ? ಸಂಜೆ ಹಿಂಡು ಎದ್ದು ಪೀರನವಾಡಿಯ ಕಡೆ ಹೊರಟಾಗ ಅವಳು ಮಗಳ ಫ್ರಾಕಿನ ಪಟ್ಟಿ ಹಿಡಿದಿರಲಿಲ್ಲ. ತಾಯಿಕುರಿ ಎಲ್ಲಿ ಒದರುತ್ತದೆ ಎಂದು ಕಿವಿಗೊಟ್ಟು ನಡೆಯುತ್ತಿದ್ದಳು.

ಮರುದಿನ ಹತ್ತೂವರೆಗೆ ಪೀರನವಾಡಿಯಲ್ಲಿ ಗೌಸಸಾಬನ ಕಟ್ಟಿಗೆ ಅಡ್ಡೆಯ ಮುಂದೆ ನಿಂತಳು. ಒಳಗೆ ಕರಗಸ ಕಿರುಗುಡುತ್ತಿತ್ತು. ಮೇಜಿನ ಮೇಲೆ ಕರಿ ಫೋನು.

"ಭರಮವ್ವಾರ ಸೊಸಿ ಏನ್ರಿ? ಬರ್ರಿ, ಕುಂದರ್ರಿ," ಅಂದ ಗೌಸಸಾಬ. "ಅವರು ಸಣ್ಣ ಮಕ್ಕಳನ್ನ ಕರಕೊಂಡು ಹೋಗೂದು ನಾ ಸಣ್ಣಾಂವ ಇದ್ದಾಗಿಂದ ನೋಡೇನ್ರಿ. ಒಂದ್ಸಲ ನಮ್ಮಮ್ಮಾನ ಕಣ್ಣು ತಪ್ಪಿಸಿ ನಾನೂ ಅನಗೋಳತನಕ ಹೋಗಿದ್ನಿ. ಕಿವಿ ಹಿಡದು ತಂದು ಬಿಟ್ಟಿದ್ರು." ಕರಗಸ ನಿಲ್ಲಿಸಲು ಆಳಿಗೆ ಕೈ ಮಾಡಿದ.

ಕಚೇರಿಯ ಹೆಡ್ ಕ್ಲಾರ್ಕು ಫೋನು ಎತ್ತಿ, ಬೀರಣ್ಣನನ್ನು ಕರೆಸಿದ.

"ಹಾಲಿನವ ಹೇಳಿದ," ಅಂದ ಬೀರಣ್ಣ. "ನಾ ಮೊದಲ ಹೇಳಿದ್ನಿಲ್ಲ? ಅವ್ವನ ಕಣ್ಣು ಮಂದ ಆಗ್ಯಾವು. ಅರ್ಧಾ ದಿನ ರಜಾ ಬರದೇನಿ, ಈಗ ರಿಕ್ಷಾ..."

"ತಡೀರಿ. ನಾ ಮುಗಸೂತನಕ ನಡುವ ಬಾಯಿ ಹಾಕಬ್ಯಾಡ್ರಿ. ಮಾಯಿ ಅರಾಮ ಅದಾಳ. ನಿಮ್ಮವ್ವನ ಕಣ್ಣು ಛಲೋ ಅದಾವು. ತಪ್ಪು ನಂದು. ಕೂಸಿನ ಕೈಯಾಗಿನ ಮರಿ ನಾ ಕದ್ದು ಬುಟ್ಟ್ಯಾಗ ಇಟ್ನಿ, ಉಣ್ಣಿ ಕಡೀತಾವಂತ. ಅದಕ್ಕ ಕೂಸು ಎದ್ದು ಹೋತು. ಹುಡುಕಿದಾಕಿ ನಿಮ್ಮವ್ವ. ನಾ ರೋಡಿನ್ಯಾಗ ಹುಚ್ಚಿ ಹಂಗ ಓಡ್ಯಾಡತಿದ್ನಿ."

ಆ ಕಡೆ ಟೈಪ್‌ರೈಟರಿನ ಸಪ್ಪಳ ನಿಲ್ಲಿಸಲು ಬೀರಣ್ಣ ಯಾರಿಗೋ ಹೇಳಿದ.

"ಅವ್ವ ಏನಂದ್ಲು?" ಅಂದ.

"ತನ್ನ ಕಣ್ಣು ತಪ್ಪೇತಿ ಅಂದ್ರು. ನನ್ನ ಹೆಸರು ತಗೀಲಿಲ್ಲ. ಅದಕ್ಕ ನಾ ಫೋನ್ ಮಾಡೇನಿ."

ಬೀರಣ್ಣ ಕೇಳಿದ: "ಹಂಗಾರ ಮುಂದಿನ ವರ್ಷ?"

"ಮುಂದಿನ ವರ್ಷ ಸಾಲಿ ಬಿಟ್ಟ ಮರುದಿನಾನ ಮಾಯಿನ್ನ ಕಳಸತೇನಿ. ಅಂಜಿಕಿ ನನಗ ಹೋಗಿಲ್ಲ, ಹೋಗಾಂಗೂ ಇಲ್ಲ. ಖರೇ ಕಳಸತೇನಿ. ಈಗ ರಿಕ್ಷಾ ಬ್ಯಾಡ್ರಿ. ನಾಳೆ ನಸಿಕಿನ್ಯಾಗ ಹಿಂಡು ಅನಗೋಳ ದಾಟತೈತಿ, ಮನಿ ಮುಂದ ಬಾನ್ಯಾಗ ಕುರಿಗೆ ನೀರು ತುಂಬಿಸಿ ಇಡ್ರಿ. ಮತ್ತ ಇವತ್ತಿನ ಅರ್ಧಾ ದಿನದ ರಜಾ ಬಿಟ್ಟು ನಾಳೆ ಪೂರಾ ದಿನದ್ದು ಮಾಡಸ್ರಿ. ಸಾಂಬ್ರಾತನಕ ಹಿಂಡಿನ ಎಡಗಡೆ ಕಾಯ್ಕೋತ ನಡ್ಯಾಕ ನಮಗ ಒಬ್ಬರು ಬೇಕಾಗ್ಯಾರ."